ಅಗ್ಗದ ಪಾಲಿಸಿಗೆ ಪೋರ್ಟ್ ಮಾಡಿಸ್ತೀನಿ ಅಂದರೆ, ಮೊದಲು ಒಂದು ತಾರೀಖು ನೋಡಿ

ಮನೆ ಸಾಲದ ಇಎಂಐ ಜೊತೆಗೆ ಮನೆಯ ಹಿರಿಯರ ಆರೋಗ್ಯ ವಿಮೆಯನ್ನೂ ಕಟ್ಟುತ್ತಿರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಎರಡೂ ಒಂದೇ ಸಂಬಳದಿಂದ ಹೋಗುವ ದುಡ್ಡು. ಕೈ ಬಿಗಿಯಾದಾಗ ಇಎಂಐ ನಿಲ್ಲಿಸುವ ಹಾಗಿಲ್ಲ, ಬ್ಯಾಂಕಿನವರು ಬಿಡುವುದಿಲ್ಲ. ಹಾಗಾಗಿ ಕಣ್ಣು ಪ್ರೀಮಿಯಂ ಮೇಲೆ ಬೀಳುತ್ತದೆ. ಸರಿಯಾಗಿ ಆ ಹೊತ್ತಿಗೆ "ಇದಕ್ಕಿಂತ ಕಡಿಮೆಗೆ ಪೋರ್ಟ್ ಮಾಡಿಸಿಕೊಡ್ತೀನಿ" ಅನ್ನುವವರು ಸಿಗುತ್ತಾರೆ. ಪೋರ್ಟ್ ಅಂದರೆ ಹಳೆ ವರ್ಷಗಳ ಲಾಭ ಕಳೆದುಕೊಳ್ಳದೆ ಪಾಲಿಸಿಯನ್ನು ಬೇರೆ ವಿಮಾ ಕಂಪನಿಗೆ ಬದಲಿಸಿಕೊಳ್ಳುವುದು. ನಮ್ಮ ಅತ್ತೆಯ ಒಂಬತ್ತು ವರ್ಷದ ಪಾಲಿಸಿ ಹೋದದ್ದು ಹೀಗೆ.

ಮೊದಲು ಬಿಗಿಯಾದದ್ದು ಎಲ್ಲಿ ಅಂತ ಹೇಳುತ್ತೇನೆ. 2021ರ ಹಬ್ಬದ ಸಮಯದಲ್ಲಿ ಬೆಂಗಳೂರಿನಲ್ಲಿ ಒಂದು ರೀಸೇಲ್ ಫ್ಲ್ಯಾಟ್ ತೆಗೆದುಕೊಂಡೆವು. ಬೆಲೆ 63 ಲಕ್ಷ, ಸಾಲ 50 ಲಕ್ಷ, 20 ವರ್ಷಕ್ಕೆ. ಸ್ಟಾಂಪ್ ಡ್ಯೂಟಿ, ನೋಂದಣಿಗೆ ನಾಲ್ಕು ಲಕ್ಷಕ್ಕೂ ಜಾಸ್ತಿ ಕೈಯಿಂದಲೇ ಹೋಯಿತು. ಬಡ್ಡಿ ಆಗ ಶೇ 6.7. ಇಎಂಐ 37,870 ರೂಪಾಯಿ. ಇಬ್ಬರ ಸಂಬಳದಲ್ಲಿ ಆರಾಮಾಗಿ ಕಟ್ಟಬಹುದಿತ್ತು.

2022ರ ಮೇನಿಂದ ರಿಸರ್ವ್ ಬ್ಯಾಂಕ್ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿ ದರ, ಏರಿಸುತ್ತಾ ಹೋಯಿತು. ಶೇ 4 ಇದ್ದದ್ದು 2023ರ ಫೆಬ್ರವರಿ ಹೊತ್ತಿಗೆ ಶೇ 6.5 ಆಯಿತು. ನಮ್ಮ ಬಡ್ಡಿ ಶೇ 9.2ಕ್ಕೆ ಬಂತು. ಆದರೆ ಇಎಂಐ ಮಾತ್ರ ಅಷ್ಟೇ ಕಟ್ ಆಗುತ್ತಿತ್ತು! ಬ್ಯಾಂಕು ಸದ್ದಿಲ್ಲದೆ ಅವಧಿಯನ್ನು ಎಳೆಯುತ್ತಿತ್ತು. ನೀವೇ ಲೆಕ್ಕ ಹಾಕಿ. ಬಾಕಿ 49 ಲಕ್ಷದ ಆಸುಪಾಸು. ಶೇ 9.2ಕ್ಕೆ ತಿಂಗಳ ಬಡ್ಡಿಯೇ 37,500. ನಾವು ಕಟ್ಟುತ್ತಿದ್ದದ್ದು 37,870. ಅಂದರೆ ತಿಂಗಳು ಪೂರ್ತಿ ದುಡಿದು ಕಟ್ಟಿದರೂ ಅಸಲಿಗೆ ಐನೂರು ರೂಪಾಯಿ ಕೂಡ ಜಮಾ ಆಗುತ್ತಿರಲಿಲ್ಲ. ಇಂಥ ದೂರುಗಳು ಹೆಚ್ಚಾದ ಮೇಲೆ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ತಂದಿತು. ಬಡ್ಡಿ ಬದಲಾದಾಗ ಸಾಲಗಾರರಿಗೆ ತಿಳಿಸಬೇಕು. ಇಎಂಐ ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಅನ್ನುವ ಆಯ್ಕೆ ಅವರಿಗೇ ಬಿಡಬೇಕು. ಅವಧಿ ಎಷ್ಟೇ ಎಳೆದರೂ ಕಂತು ಬಡ್ಡಿಗೂ ಸಾಕಾಗದ ಹಾಗೆ ಆಗಬಾರದು. ನಾವು ಆಗ ಕೇಳಿ ಇಎಂಐ ಏರಿಸಿಕೊಂಡೆವು. ಅದು 46,000ದ ಹತ್ತಿರ ಬಂದು ನಿಂತಿತು. ತಿಂಗಳಿಗೆ ಎಂಟು ಸಾವಿರ ಜಾಸ್ತಿ.

ಅದೇ ಸಮಯಕ್ಕೆ ಯಜಮಾನರು ಕೆಲಸ ಬದಲಿಸಿದರು. ಹಳೆ ಕಂಪನಿಯ ಗುಂಪು ವಿಮೆಯಲ್ಲಿ ಅತ್ತೆಯೂ ಇದ್ದರು. ಹೊಸ ಕಂಪನಿಯಲ್ಲಿ ಗಂಡ, ಹೆಂಡತಿ, ಮಕ್ಕಳಿಗೆ ಮಾತ್ರ. ಪುಣ್ಯಕ್ಕೆ ಅತ್ತೆಗೆ ಅವರದ್ದೇ ಆದ ಬೇರೆ ಪಾಲಿಸಿ ಇತ್ತು, ಒಂದು ವರ್ಷವೂ ತಪ್ಪದೆ ಕಟ್ಟಿಕೊಂಡು ಬಂದಿದ್ದೆವು. 2024ರಲ್ಲಿ ಅದರ ರಿನೀವಲ್ ನೋಟಿಸ್ ಬಂತು. 41,000 ಇದ್ದ ಪ್ರೀಮಿಯಂ 58,000 ಆಗಿತ್ತು. ವಯಸ್ಸಿನ ಹಂತ ಬದಲಾಯಿತು ಅಂದರು. ಹಳೆ ಪ್ಲಾನ್ ನಿಂತು ಹೋಗಿದೆ, ಹೊಸದಕ್ಕೆ ಬನ್ನಿ ಅಂದರು.

ಆಗ ಬಂದವನು ಏಜೆಂಟ್. ಪರಿಚಯದವರ ಮೂಲಕವೇ ಬಂದವನು, ಮಾತು ಸೌಮ್ಯ. "ಪೋರ್ಟ್ ಮಾಡಿಸ್ತೀನಿ ಮೇಡಂ, 36,000ಕ್ಕೆ ಆಗುತ್ತೆ, ಹಳೆ ವರ್ಷಗಳ ಲಾಭ ಎಲ್ಲಾ ಮುಂದುವರಿಯುತ್ತೆ" ಅಂದ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ನಾವು ಬಾಯಿಬಿಟ್ಟು ಹೇಳಿದೆವು. ಹಳೆ ಪಾಲಿಸಿ ಪ್ರತಿ, ಮಾತ್ರೆಯ ಚೀಟಿ ಎಲ್ಲಾ ವಾಟ್ಸಾಪ್‌ನಲ್ಲಿ ಕಳಿಸಿದೆವು. ಅವನು ಫಾರಂ ತನ್ನ ಫೋನಿನಲ್ಲೇ ತುಂಬಿದ. ಒಟಿಪಿ ಕೇಳಿದ. ಪಾಲಿಸಿ ಬಂತು.

ಆಮೇಲೆ ಗೊತ್ತಾದದ್ದು ಇದು. ಅವನು ಪೋರ್ಟ್ ಮಾಡಿಸಿಯೇ ಇರಲಿಲ್ಲ. ಹೊಸ ಪಾಲಿಸಿ ಬರೆದಿದ್ದ. ಫಾರಂನಲ್ಲಿ ರಕ್ತದೊತ್ತಡ ಇದೆಯೇ ಅನ್ನುವ ಪ್ರಶ್ನೆಗೆ "ಇಲ್ಲ" ಅಂತ ತುಂಬಿದ್ದ. ಪೋರ್ಟ್ ಕೇಳಿದರೆ ಹೊಸ ಕಂಪನಿ ವೈದ್ಯಕೀಯ ದಾಖಲೆ ನೋಡುತ್ತದೆ. ವಯಸ್ಸಾದವರಾದರೆ ಬೇಡ ಅನ್ನಲೂಬಹುದು. ಹೊಸ ಪಾಲಿಸಿ ಅಂತ "ಇಲ್ಲ, ಇಲ್ಲ, ಇಲ್ಲ" ತುಂಬಿದರೆ ಸರಾಗವಾಗಿ ಪಾಸಾಗುತ್ತದೆ, ಕಮಿಷನ್ ಬರುತ್ತದೆ. ಅವನಿಗೆ ಅಷ್ಟೇ ಬೇಕಿದ್ದದ್ದು.

ಕೆಲವು ತಿಂಗಳ ನಂತರ ಅತ್ತೆಗೆ ಎದೆ ನೋವು ಬಂತು. ಸ್ಟೆಂಟ್ ಹಾಕಿದರು. ಬಿಲ್ 3.4 ಲಕ್ಷ. ಕ್ಯಾಷ್‌ಲೆಸ್ ನಿರಾಕರಣೆ. ಆಮೇಲೆ ಕ್ಲೇಮೂ ತಿರಸ್ಕಾರ. ಕಾರಣ ಎರಡು. ಮೊದಲಿನಿಂದ ಇದ್ದ ಕಾಯಿಲೆಗೆ 36 ತಿಂಗಳ ಕಾಯುವ ಅವಧಿ ಮುಗಿದಿಲ್ಲ. ಜೊತೆಗೆ ಕಾಯಿಲೆ ಮುಚ್ಚಿಟ್ಟಿದ್ದೀರಿ. ಹಳೆ ಪಾಲಿಸಿ ಇದ್ದಿದ್ದರೆ ಈ ಎರಡೂ ಮಾತು ಬರುವ ಹಾಗೇ ಇರಲಿಲ್ಲ. ಕಾಯುವ ಅವಧಿ ಎಂದೋ ಮುಗಿದಿತ್ತು. ಅದಕ್ಕಿಂತ ದೊಡ್ಡದು, ಸತತ 60 ತಿಂಗಳು ವಿಮೆ ಇದ್ದವರ ಕ್ಲೇಮನ್ನು "ನೀವು ಹೇಳಿರಲಿಲ್ಲ" ಅಂತ ತಳ್ಳುವ ಹಾಗಿಲ್ಲ. ಮೋಸ ಸಾಬೀತಾದರೆ ಮಾತ್ರ ಬೇರೆ ಮಾತು. ಮೊದಲು ಇದು 8 ವರ್ಷ ಇತ್ತು, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 5 ವರ್ಷಕ್ಕೆ ಇಳಿಸಿತು. ಸರಿಯಾಗಿ ಪೋರ್ಟ್ ಮಾಡಿದ್ದರೆ ಹಳೆ ವಿಮಾ ಮೊತ್ತದ ಮಟ್ಟಿಗೆ ಆ ವರ್ಷಗಳೆಲ್ಲಾ ಲೆಕ್ಕಕ್ಕೆ ಬರುತ್ತಿದ್ದವು. ಒಂಬತ್ತು ವರ್ಷ ಕಟ್ಟಿದ ದುಡ್ಡಿನಿಂದ ಸಿಕ್ಕಿದ್ದ ರಕ್ಷಣೆ 22,000 ರೂಪಾಯಿ ಉಳಿತಾಯದ ಆಸೆ ತೋರಿಸಿದವನ ಕೈಯಲ್ಲಿ ಹೋಯಿತು.

ಅತ್ತೆ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ "ನನ್ನ ಬಳೆ ಇಟ್ಟು ದುಡ್ಡು ತನ್ನಿ" ಅಂದರು. ಎಪ್ಪತ್ತು ದಾಟಿದ ಹೆಂಗಸು ಎದೆಗೆ ಸ್ಟೆಂಟ್ ಹಾಕಿಸಿಕೊಂಡ ದಿನ ಆ ಮಾತು ಆಡಬೇಕಾ? ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ದಯವಿಟ್ಟು ಈಗಲೇ ನಿಮ್ಮ ಮನೆಯ ಪಾಲಿಸಿ ತೆಗೆದು ನೋಡಿ. ಮೊದಲ ಪುಟದಲ್ಲಿ, ಶೆಡ್ಯೂಲ್ ಅನ್ನುತ್ತಾರೆ, ಪಾಲಿಸಿ ಮೊದಲು ಶುರುವಾದ ದಿನಾಂಕ ಇರುತ್ತದೆ. ಪೋರ್ಟ್ ಆಗಿದ್ದರೆ ಹಳೆ ಕಂಪನಿಯ ವಿವರವೂ, ಮೊದಲ ವರ್ಷದ ತಾರೀಖೂ ಅಲ್ಲಿ ಕಾಣಬೇಕು. ಈ ವರ್ಷದ ತಾರೀಖು ಮಾತ್ರ ಇದ್ದರೆ ಅದು ಹೊಸ ಪಾಲಿಸಿ, ಏಜೆಂಟ್ ಬಾಯಲ್ಲಿ ಏನೇ ಹೇಳಲಿ. ಪಾಲಿಸಿ ಜೊತೆಗೆ ತುಂಬಿದ ಫಾರಂನ ಪ್ರತಿ ಕೂಡ ಬರುತ್ತದೆ. ಆರೋಗ್ಯದ ಪ್ರಶ್ನೆಗಳಿಗೆ ಏನು ಉತ್ತರ ಇದೆ ಅಂತ ಒಂದೊಂದಾಗಿ ಓದಿ. ತಪ್ಪು ಕಂಡರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದು, ಅದಕ್ಕೆ ಫ್ರೀ ಲುಕ್ ಅವಧಿ ಅನ್ನುತ್ತಾರೆ. ಪೋರ್ಟ್ ಮಾಡಲೇಬೇಕು ಅಂದರೆ ರಿನೀವಲ್ ತಾರೀಖಿಗೆ ಕನಿಷ್ಠ 45 ದಿನ ಇರುವಾಗಲೇ ಹೊಸ ಕಂಪನಿಗೆ ನೇರವಾಗಿ ಅರ್ಜಿ ಹಾಕಿ. ಅವರು ಬರಹದಲ್ಲಿ ಒಪ್ಪುವ ತನಕ ಹಳೆಯದನ್ನು ಬಿಡಬೇಡಿ. ಫಾರಂ ನೀವೇ ತುಂಬಿ. ಒಟಿಪಿ ಕೊಡುವುದು ಸಹಿ ಹಾಕಿದ ಹಾಗೆಯೇ.

ಆ ಹೊಸ ಪಾಲಿಸಿಯಲ್ಲಿ ಇನ್ನೊಂದು ಗುಂಡಿಯೂ ಇತ್ತು. ಐದು ಲಕ್ಷದ ವಿಮೆಗೆ ರೂಮ್ ಬಾಡಿಗೆ ಮಿತಿ ಶೇ 1, ಅಂದರೆ ದಿನಕ್ಕೆ 5,000. ಸುಮ್ನೆ ಬಾಡಿಗೆಯ ವ್ಯತ್ಯಾಸ ಕಟ್ಟಿದರೆ ಸಾಕು ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. 8,000ದ ರೂಮಿನಲ್ಲಿ ಇದ್ದರೆ ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಖರ್ಚನ್ನೂ 5,000ಕ್ಕೆ 8,000 ಅನ್ನುವ ಲೆಕ್ಕದಲ್ಲಿ ಕತ್ತರಿಸುತ್ತಾರೆ. ಆ ಖರ್ಚು ಎರಡು ಲಕ್ಷ ಆಗಿದ್ದರೆ 1.25 ಲಕ್ಷ ಮಾತ್ರ ಕೊಡುತ್ತಾರೆ, ಉಳಿದ 75,000 ನಿಮ್ಮದು. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕತ್ತರಿ ಹಾಕುವ ಹಾಗಿಲ್ಲ. ಹಾಕಿದ್ದರೆ ಪ್ರಶ್ನಿಸಿ.

ಇನ್ನು ಮನೆಯ ವಿಷಯ. ಆಸ್ಪತ್ರೆ ಬಿಲ್‌ಗೆ ಮನೆ ಮೇಲೆ ಟಾಪ್ ಅಪ್ ಸಾಲ ತೆಗೆಯೋಣ ಅಂತ ಬ್ಯಾಂಕಿಗೆ ಹೋದೆವು. ಆಗದು ಅಂದರು. ನಮ್ಮ ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ, ಎಲ್ಲರೂ ಓಸಿ ಅನ್ನುತ್ತಾರಲ್ಲ, ಕಟ್ಟಡ ನಕ್ಷೆಯಂತೆ ಇದೆ, ವಾಸಕ್ಕೆ ಯೋಗ್ಯ ಅಂತ ಸ್ಥಳೀಯ ಸಂಸ್ಥೆ ಕೊಡುವ ಪತ್ರ, ಅದು ಇಲ್ಲ. ಕೊಳ್ಳುವಾಗ "ಅರ್ಜಿ ಹಾಕಿದ್ದಾರೆ, ಬರುತ್ತೆ" ಅಂತ ಮಾರಿದವರು ಹೇಳಿದ್ದರು. ಬ್ಯಾಂಕಿನ ವಕೀಲರೂ ಪಾಸ್ ಮಾಡಿದ್ದರು. "ಬ್ಯಾಂಕು ಲೋನ್ ಕೊಟ್ಟಿದೆ, ಅಂದ ಮೇಲೆ ಪೇಪರ್ ಸರಿ ಇದೆ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಆ ವಕೀಲರು ನೋಡುವುದು ಬ್ಯಾಂಕಿನ ಹಿತ. ಅವರ ವರದಿಯನ್ನು ನಂಬಿ ನಿಮಗೆ ನಷ್ಟವಾದರೆ ಬ್ಯಾಂಕು ಬಂದು ತುಂಬಿಕೊಡುವುದಿಲ್ಲ. ಸ್ವಂತ ವಕೀಲರಿಗೆ ಬೇರೆ ದುಡ್ಡು ಕೊಟ್ಟು ಓಸಿ ಪ್ರತಿ ಕೈಯಲ್ಲಿ ಹಿಡಿದೇ ಮುಂದುವರಿಯಿರಿ. ಕೆಲವು ಮಹಡಿಗಳಿಗೆ ಮಾತ್ರ ಕೊಟ್ಟ ಭಾಗಶಃ ಓಸಿ ಆಗಿದ್ದರೆ ನಿಮ್ಮ ಮಹಡಿ ಅದರಲ್ಲಿದೆಯಾ ನೋಡಿ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಓಸಿ ಪರಿಶೀಲಿಸಿದ ಮೇಲೆಯೇ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬೇಕು, ವಿದ್ಯುತ್, ನೀರಿನ ಸಂಪರ್ಕಕ್ಕೂ ಅದು ಬೇಕು ಅಂತ ಹೇಳಿತು. ಅಕ್ರಮ ಕಟ್ಟಡ ತಡೆಯಲು ಅದು ಬೇಕಾದದ್ದೇ, ನಾನು ತಪ್ಪು ಅನ್ನುವುದಿಲ್ಲ. ಆದರೆ ಈಗಾಗಲೇ ಇಂಥ ಫ್ಲ್ಯಾಟ್‌ನಲ್ಲಿ ಸಿಕ್ಕಿಕೊಂಡವರ ಗತಿ ನೋಡಿ. ಕೊಳ್ಳುವವರಿಗೆ ಸಾಲ ಸಿಗದಿದ್ದರೆ ಉಳಿಯುವುದು ನಗದು ಕೊಡುವವರು ಮಾತ್ರ. ಅವರು ನಮ್ಮ ಕಷ್ಟ ಮೂಗಿನಿಂದಲೇ ಕಂಡುಹಿಡಿಯುತ್ತಾರೆ. 2025ರಲ್ಲಿ ಮಾರಿಬಿಡೋಣ ಅಂತ ಹೊರಟಾಗ ನಮಗೆ ಬಂದ ಅತಿ ದೊಡ್ಡ ಆಫರ್ 43 ಲಕ್ಷ. ಸಾಲದ ಬಾಕಿ 47 ಲಕ್ಷ. ಮನೆ ಮಾರಿ, ಮೇಲೆ ನಾಲ್ಕು ಲಕ್ಷ ಕೈಯಿಂದ ಕಟ್ಟಿದರೆ ಮಾತ್ರ ಋಣ ಮುಗಿಯುತ್ತದೆ! ಕೈಯಿಂದ ಹಾಕಿದ ಹದಿಮೂರು ಲಕ್ಷ, ನೋಂದಣಿ ಖರ್ಚು, ಇಷ್ಟು ವರ್ಷದ ಬಡ್ಡಿ ಎಲ್ಲಾ ಹೋದದ್ದೇ.

ಆಸ್ತಿಯ ಬೆಲೆ ಸಾಲಕ್ಕಿಂತ ಕೆಳಗೆ ಹೋದವರಿಗೆ ಒಬ್ಬರಲ್ಲ ಒಬ್ಬರು ಒಂದು ಸಲಹೆ ಕೊಟ್ಟೇ ಕೊಡುತ್ತಾರೆ. "ಬೀಗದ ಕೈ ಬ್ಯಾಂಕಿಗೆ ಕೊಟ್ಟು ಕೈ ತೊಳೆದುಕೊಳ್ಳಿ." ದಯವಿಟ್ಟು ಕೇಳಬೇಡಿ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹಾಗೆ ನಡೆಯುತ್ತದೆ, ಇಲ್ಲಿ ಇಲ್ಲ. ಕಂತು 90 ದಿನ ಬಾಕಿ ಬಿದ್ದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಲೆಕ್ಕಕ್ಕೆ ಹೋಗುತ್ತದೆ. ಅಡವಿಟ್ಟ ಆಸ್ತಿಯಿಂದ ಬ್ಯಾಂಕು ಸಾಲ ವಸೂಲಿ ಮಾಡಿಕೊಳ್ಳಲು ಇರುವ 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್ ಬರುತ್ತದೆ. ಆಮೇಲೆ ಬ್ಯಾಂಕು ಮನೆ ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಹರಾಜಿನ ದುಡ್ಡು ಸಾಲಕ್ಕೆ ಸಾಲದಿದ್ದರೆ ಉಳಿದದ್ದನ್ನು ನಿಮ್ಮಿಂದಲೇ ವಸೂಲಿ ಮಾಡಬಹುದು. ಸಹಿ ಹಾಕಿದ ಸಹ ಸಾಲಗಾರರಿಂದ, ಜಾಮೀನು ನಿಂತವರಿಂದಲೂ. ಕ್ರೆಡಿಟ್ ಸ್ಕೋರ್ ಹೋಗುವುದು ಬೇರೆ. ನೋಟಿಸ್ ಬಂದರೆ ಕಪಾಟಿನಲ್ಲಿ ಇಡಬೇಡಿ. ಆ 60 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು ಉತ್ತರ ಕೊಡಲೇಬೇಕು. ಅದಕ್ಕೂ ಮುಂಚೆ, ಇನ್ನೂ ಕಂತು ತಪ್ಪದೆ ಇರುವಾಗಲೇ ಹೋಗಿ ಮಾತಾಡುವುದು ಎಲ್ಲಕ್ಕಿಂತ ಒಳ್ಳೆಯದು.

ನಾವು ಮಾರಲಿಲ್ಲ. ಆಸ್ಪತ್ರೆಗೆ ಚಿನ್ನ ಇಟ್ಟೆವು. 2025ರ ಫೆಬ್ರವರಿಯಿಂದ ರೆಪೊ ಇಳಿದು ಜೂನ್‌ಗೆ ಶೇ 5.5ಕ್ಕೆ ಬಂದಾಗ ಸ್ವಲ್ಪ ಉಸಿರಾಡುವ ಹಾಗಾಯಿತು. ಆದರೆ ಇಲ್ಲೂ ಕೇಳಬೇಕು. ದರ ಇಳಿದಾಗ ಬ್ಯಾಂಕು ಸಾಮಾನ್ಯವಾಗಿ ಇಎಂಐ ಮುಟ್ಟುವುದಿಲ್ಲ, ಅವಧಿ ಕಡಿಮೆ ಮಾಡುತ್ತದೆ. ಅದು ಒಳ್ಳೆಯದೇ, ಆದರೆ ಕೈಯಲ್ಲಿ ಔಷಧಿಗೆ ದುಡ್ಡಿಲ್ಲದಾಗ ಇಎಂಐ ಇಳಿಸಿ ಅಂತ ಅರ್ಜಿ ಕೊಡಬಹುದು. ರೆಪೊ ಮೇಲೆ ಬ್ಯಾಂಕು ಸೇರಿಸುವ ಮಾರ್ಜಿನ್ ಹಳೆ ಗ್ರಾಹಕರಿಗೆ ಹೊಸಬರಿಗಿಂತ ಜಾಸ್ತಿ ಇದ್ದರೆ ಸಣ್ಣ ಶುಲ್ಕ ತೆಗೆದುಕೊಂಡು ಅದನ್ನೂ ಇಳಿಸುತ್ತಾರೆ. ಕೇಳಿದವರಿಗೆ ಮಾತ್ರ.

ಪ್ರೀಮಿಯಂ ಭಾರವಾದರೂ ಕಂಪನಿ ಬಿಡದೆ ಇಳಿಸುವ ದಾರಿಗಳಿವೆ. ಇರುವ ಪಾಲಿಸಿಯಲ್ಲೇ ಡಿಡಕ್ಟಿಬಲ್ (ಬಿಲ್‌ನಲ್ಲಿ ಮೊದಲ ಇಷ್ಟು ಮೊತ್ತ ನಾವೇ ಕಟ್ಟುವುದು) ಅಥವಾ ಕೋ-ಪೇ (ಬಿಲ್‌ನಲ್ಲಿ ಶೇಕಡಾ ಇಷ್ಟು ಪಾಲು ನಾವು ಕಟ್ಟುವುದು) ಹಾಕಿಸಿಕೊಳ್ಳಬಹುದು. ಮೂಲ ಪಾಲಿಸಿ ಚಿಕ್ಕದಾಗಿ ಇಟ್ಟು ಮೇಲೆ ಸೂಪರ್ ಟಾಪ್ ಅಪ್, ಅಂದರೆ ವರ್ಷದ ಖರ್ಚು ಒಂದು ಮಿತಿ ದಾಟಿದ ಮೇಲೆ ಕೊಡುವ ಪಾಲಿಸಿ, ತೆಗೆಯಬಹುದು. 2025ರ ಜನವರಿ ಕೊನೆಗೆ ಐಆರ್‌ಡಿಎಐ, ಹಿರಿಯ ನಾಗರಿಕರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಮೊದಲು ತನ್ನ ಜೊತೆ ಸಮಾಲೋಚಿಸಬೇಕು ಅಂತ ಹೇಳಿದೆ. ನಮಗೆ ಅದು ತಡವಾಗಿ ಬಂತು, ನಿಮಗೆ ಉಪಯೋಗವಾಗಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಶೇ 18 ಇದ್ದ ಜಿಎಸ್‌ಟಿಯೂ ಇಲ್ಲ. ರಿನೀವಲ್ ನೋಟಿಸ್‌ನಲ್ಲಿ ತೆರಿಗೆ ಬಿಟ್ಟ ಮೂಲ ಮೊತ್ತವನ್ನು ಹೋದ ವರ್ಷದ ಜೊತೆ ಹೋಲಿಸಿ.

ಗೃಹಸಾಲದ ಜೊತೆ ಬ್ಯಾಂಕು ಸೇರಿಸಿ ಮಾರುವ ವಿಮೆ ಆರೋಗ್ಯ ವಿಮೆ ಅಲ್ಲ. ಸಾಲಗಾರ ತೀರಿಕೊಂಡರೆ ಸಾಲ ತೀರಿಸಲು ಇರುವಂಥದ್ದು ಅದು. ಅದನ್ನು ನಂಬಿ ಬೇರೆ ಪಾಲಿಸಿ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ಅದು ಕಡ್ಡಾಯವೂ ಅಲ್ಲ.

ಕ್ಲೇಮ್ ತಿರಸ್ಕಾರ ಆಗಿದ್ದರೆ ಸುಮ್ಮನಾಗಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಸರಿ ಇಲ್ಲದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲೇ ಇದೆ. 50 ಲಕ್ಷದವರೆಗಿನ ದೂರು ತೆಗೆದುಕೊಳ್ಳುತ್ತಾರೆ, ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಕಂಪನಿಯ ತಿರಸ್ಕಾರ ಪತ್ರ ಬಂದು ಒಂದು ವರ್ಷದೊಳಗೆ ಹೋಗಬೇಕು. ನಮ್ಮ ದೂರು ಈಗ ಅಲ್ಲೇ ಇದೆ. ಏಜೆಂಟ್‌ಗೆ ಕಳಿಸಿದ ವಾಟ್ಸಾಪ್ ಸಂದೇಶ, ಅದರಲ್ಲಿ ಬಿಪಿ ಮಾತ್ರೆಯ ಚೀಟಿಯ ಫೋಟೋ, ಹಳೆ ಪಾಲಿಸಿಯ ಎಲ್ಲಾ ವರ್ಷದ ರಸೀದಿ, ಇಷ್ಟನ್ನು ಲಗತ್ತಿಸಿದ್ದೇವೆ. ನಿಮ್ಮ ಏಜೆಂಟ್ ಜೊತೆಗಿನ ಮಾತುಕತೆಯನ್ನೂ ಅಳಿಸಬೇಡಿ, ಪ್ರತಿ ತೆಗೆದು ಬೇರೆ ಕಡೆ ಇಟ್ಟುಕೊಳ್ಳಿ.