ಹೊರಗೆ ತಿಂದೂ ತೂಕ ಹಿಡಿತದಲ್ಲಿಡೋಕೆ ಯಾವುದು ವಾಸಿ? ಉಪವಾಸ, ಆ್ಯಪ್, ಸಲಾಡ್, ಡಬ್ಬಿ ನಾಲ್ಕನ್ನೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಬ್ಬಿಗೆ. ಅಂಗೈ ಅಗಲದ, ಬಿಗಿ ಮುಚ್ಚಳದ, ಸೋರದ ಒಂದು ಸಾದಾ ಡಬ್ಬಿ. ಈಗ ಅದು ಚಾರ್ಜರ್, ಛತ್ರಿ ಜೊತೆ ನನ್ನ ಬ್ಯಾಗಿನಲ್ಲಿ ಕಾಯಂ ಇರುತ್ತದೆ. ಈ ಬುದ್ಧಿ ಬರುವ ಮೊದಲು ಕ್ಯಾಲೊರಿ ಲೆಕ್ಕ ಹಾಕುವ ಆ್ಯಪ್ ಒಂದಕ್ಕೆ ಇಡೀ ವರ್ಷದ ಚಂದಾ ಕಟ್ಟಿ ಕೂತಿದ್ದೆ. ಕಟ್ಟಿದ್ದೆ ಅನ್ನೋದಕ್ಕಿಂತ ಕಟ್ಟಿಸಿಕೊಂಡರು ಅನ್ನಬೇಕು. ಏಳು ದಿನ ಉಚಿತ ಅಂತ ಶುರು ಮಾಡಿದ್ದು, ಎಂಟನೇ ದಿನ ಬೆಳಿಗ್ಗೆ ಏಳುವಷ್ಟರಲ್ಲಿ ದುಡ್ಡು ಹೋಗಿತ್ತು. ಆ ಸಿಟ್ಟಿಗೇ ಹಟ ಹಿಡಿದು ಬಳಸಿದೆ, ಕೊಟ್ಟ ದುಡ್ಡಾದರೂ ಹುಟ್ಟಲಿ ಅಂತ.

ನನಗೆ ವಾರಕ್ಕೆ ಮೂರು ಸಲ, ಕೆಲವು ವಾರ ನಾಲ್ಕು ಸಲ ಹೊರಗಡೆ ಊಟ. ಕೆಲಸದ ಸಲುವಾಗಿ ಒಂದೆರಡು, ಸ್ನೇಹಿತರ ಜೊತೆ ಒಂದು, ಸುಮ್ನೆ ಅಡುಗೆ ಮಾಡೋಕೆ ಬೇಜಾರಾಗಿ ಒಂದು. ತಪ್ಪಿಸಿಕೊಳ್ಳುವ ಹಾಗಿಲ್ಲ, ನಿಜ ಹೇಳಬೇಕೆಂದರೆ ತಪ್ಪಿಸಿಕೊಳ್ಳುವ ಆಸೆಯೂ ಇಲ್ಲ. ಮನೆ ಊಟದಲ್ಲಿ ಕಷ್ಟಪಟ್ಟು ಒಂಬತ್ತು ಕಿಲೊ ಇಳಿಸಿದ್ದೆ. ಕೆಲಸ ಬದಲಾಗಿ ಹೊರಗಿನ ಊಟ ಜಾಸ್ತಿಯಾದ ಮೇಲೆ ಅದರಲ್ಲಿ ನಾಲ್ಕು ಕಿಲೊ ಸದ್ದಿಲ್ಲದೆ ವಾಪಸ್ ಬಂತು. "ಹೊರಗೆ ತಿನ್ನೋದನ್ನೇ ಬಿಟ್ಟುಬಿಡಿ" ಅನ್ನುವವರಿಗೆ ಈ ಬರಹ ಅಲ್ಲ.

ಮೊದಲು ಮಾಡಿದ್ದು ಹಸಿದು ಹೋಗುವ ಉಪಾಯ. ರಾತ್ರಿ ಹೋಟೆಲ್ ಊಟ ಇದೆ ಅಂದರೆ ಮಧ್ಯಾಹ್ನದ್ದು ಬಿಡುವುದು, ಆ ಲೆಕ್ಕ ರಾತ್ರಿಗೆ ಜಮಾ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ರಾತ್ರಿ ಎಂಟಕ್ಕೆ ಹೊಟ್ಟೆ ತಾಳ ಹಾಕುತ್ತಾ ಹೋಗಿ ಕೂತವನ ಕೈಗೆ ಮೆನು ಕೊಟ್ಟರೆ ಏನಾಗುತ್ತದೆ? ಆರ್ಡರ್ ಮಾಡುವುದು ನಾನಲ್ಲ, ನನ್ನ ಹಸಿವು. ಊಟ ಬರುವ ಮುಂಚೆ ತಂದಿಟ್ಟ ಬ್ರೆಡ್ಡು, ಬೆಣ್ಣೆ ನಾನೇ ಮುಗಿಸಿದ್ದೆ, ಎದುರು ಕೂತವರು ಇನ್ನೂ ಕೈ ಒರೆಸಿಕೊಳ್ಳುತ್ತಿದ್ದರು. ಮೂರು ವಾರಕ್ಕೆ ಬಿಟ್ಟೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಈ ಆಟಕ್ಕೆ ಹೋಗಲೇಬೇಡಿ, ಊಟ ಬಿಟ್ಟರೆ ಸಕ್ಕರೆ ಅಂಶ ತೀರಾ ಕೆಳಗಿಳಿಯಬಹುದು.

ಆಮೇಲೆ ಆ್ಯಪ್. ಇದರ ಬಗ್ಗೆ ನನ್ನ ಹತ್ತಿರ ಮಾತು ಜಾಸ್ತಿ ಇದೆ, ಯಾಕೆಂದರೆ ಸಿಟ್ಟೂ ಜಾಸ್ತಿ ಇದೆ.

ಮನೆಯಲ್ಲಿ ಆ್ಯಪ್ ಚೆನ್ನಾಗಿಯೇ ಕೆಲಸ ಮಾಡಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಅಕ್ಕಿ ಎಷ್ಟು, ಎಣ್ಣೆ ಎಷ್ಟು ಅಂತ ನನಗೇ ಗೊತ್ತಿರುತ್ತದೆ, ತೂಗಿ ಹಾಕಿದರೆ ಆಯಿತು. ತೊಂದರೆ ಶುರುವಾಗಿದ್ದು ಹೋಟೆಲ್ ಮೇಜಿನ ಮೇಲೆ. ಒಂದು ದಿನ ತರಕಾರಿ ನೂಡಲ್ಸ್ ಬಂತು. ಹೊಗೆಯಾಡುತ್ತಿದೆ, ಘಮ ಮೂಗಿಗೆ ಬಡಿಯುತ್ತಿದೆ. ನಾನು ಫೋನ್ ತೆಗೆದು "ತರಕಾರಿ ನೂಡಲ್ಸ್" ಅಂತ ಹುಡುಕಿದೆ. ಹನ್ನೊಂದು ಉತ್ತರ ಬಂತು. ಒಂದರಲ್ಲಿ 280 ಕ್ಯಾಲೊರಿ, ಇನ್ನೊಂದರಲ್ಲಿ 740. ಮಧ್ಯೆ ಒಂಬತ್ತು ಬೇರೆ ಬೇರೆ ಸಂಖ್ಯೆ. ಎಲ್ಲದರ ಕೆಳಗೂ "1 ಸರ್ವಿಂಗ್" ಅಂತಿದೆ. ಯಾರ ಸರ್ವಿಂಗ್? ನನ್ನ ಮುಂದಿರುವ ತಟ್ಟೆಯೋ, ಬೇರೆ ಯಾರೋ ತಮ್ಮ ಮನೆಯಲ್ಲಿ ಅಳೆದ ಬಟ್ಟಲೋ? ಅದನ್ನೆಲ್ಲ ತುಂಬಿಸಿದವರು ನನ್ನಂಥ ಬಳಕೆದಾರರೇ ಅಂತ ಆಮೇಲೆ ಗೊತ್ತಾಯಿತು. ಅಂದರೆ ನನಗೆ ಗೊತ್ತಿಲ್ಲದ್ದನ್ನು ನನ್ನಷ್ಟೇ ಗೊತ್ತಿಲ್ಲದ ಇನ್ನೊಬ್ಬರನ್ನು ಕೇಳೋಕೆ ನಾನು ದುಡ್ಡು ಕೊಟ್ಟಿದ್ದೆ.

ಇಷ್ಟೊಂದು ವ್ಯತ್ಯಾಸಕ್ಕೆ ಮುಖ್ಯ ಕಾರಣ ಎಷ್ಟು ಹಾಕಿದರು ಅನ್ನೋದು, ಅದು ಬಿಟ್ಟರೆ ಎಣ್ಣೆ. ಹಿಟ್ಟು, ಸಕ್ಕರೆ, ಬೇಳೆ ಇವುಗಳಲ್ಲಿರುವ ಕಾರ್ಬೋಹೈಡ್ರೇಟಿಗೂ ಪ್ರೋಟೀನಿಗೂ ಗ್ರಾಂಗೆ ಸುಮಾರು 4 ಕ್ಯಾಲೊರಿ, ಕೊಬ್ಬಿಗೆ 9. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 14 ಗ್ರಾಂ, ಅಂದರೆ ಹತ್ತಿರ ಹತ್ತಿರ 120 ಕ್ಯಾಲೊರಿ. ಅಡುಗೆಯವರು ಬಾಣಲೆಗೆ ಒಂದು ಚಮಚ ಹಾಕಿದರೋ ಮೂರು ಹಾಕಿದರೋ ತಟ್ಟೆ ನೋಡಿ ಹೇಳೋಕೆ ಆಗುವುದಿಲ್ಲ. ನಾನು ಹನ್ನೊಂದರಲ್ಲಿ ಯಾವುದನ್ನು ಆರಿಸುತ್ತಿದ್ದೆ ಗೊತ್ತಾ? ಪ್ರತಿ ಸಲವೂ ಕಡಿಮೆ ಇರುವುದನ್ನೇ. ಬೇಕೆಂದೇ ಅಲ್ಲ, ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತಿತ್ತು.

ಇನ್ನೂ ಒಂದಿದೆ. ಲೆಕ್ಕ ಬರೆದು ಮುಗಿಸಿದ ಮೇಲೆ ಆ್ಯಪ್ ಹಸಿರು ಬಣ್ಣದಲ್ಲಿ "ಇವತ್ತಿಗೆ ಇನ್ನೂ 210 ಉಳಿದಿದೆ" ಅಂತ ತೋರಿಸುತ್ತದೆ. ಉಳಿದಿದೆ ಅಂದಮೇಲೆ ಬಿಡೋದುಂಟೇ? ಐಸ್‌ಕ್ರೀಮ್ ಹೇಳುತ್ತಿದ್ದೆ. ಇಲ್ಲದ ಉಳಿತಾಯಕ್ಕೆ ಖರ್ಚು! ಅಷ್ಟರಲ್ಲಿ ನೂಡಲ್ಸ್ ಆರಿ ಮುದ್ದೆಯಾಗಿರುತ್ತಿತ್ತು, ಪಕ್ಕದವರು "ಯಾರಿಗೆ ಮೆಸೇಜ್ ಮಾಡ್ತಾ ಇದೀರಾ?" ಅಂತ ಕೇಳಿ ಆಗಿರುತ್ತಿತ್ತು.

ಮೆನುವಿನಲ್ಲೇ ಕ್ಯಾಲೊರಿ ಬರೆದಿರುವ ಕಡೆ ಹೋದರೆ ಸಮಸ್ಯೆ ಮುಗಿಯಿತಲ್ಲ ಅನ್ನಬಹುದು. ಅರ್ಧ ಮುಗಿಯುತ್ತದೆ. 2011ರಲ್ಲಿ ಅಮೆರಿಕದಲ್ಲಿ ರೆಸ್ಟೋರೆಂಟುಗಳಿಂದ 269 ತಿನಿಸು ತಂದು ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದರು. ಒಟ್ಟಾರೆ ಸರಾಸರಿ ಸರಿಯಾಗಿಯೇ ಇತ್ತು, ಆದರೆ ನೂರಕ್ಕೆ 19ರಲ್ಲಿ ಬರೆದಿದ್ದಕ್ಕಿಂತ ಕನಿಷ್ಠ 100 ಕ್ಯಾಲೊರಿ ಜಾಸ್ತಿ ಇತ್ತು. ಎರಡು ತಿನಿಸಿನಲ್ಲಿ ಯಾವುದು ಹಗುರ ಅಂತ ಹೋಲಿಸೋಕೆ ಮೆನುವಿನ ಸಂಖ್ಯೆ ಸಾಕು. ಕೊನೆಯ ಕ್ಯಾಲೊರಿವರೆಗೂ ಲೆಕ್ಕ ಕೂಡಿಸೋಕೆ ಸಾಲದು. ಆ್ಯಪ್ ಬಳಸಿದ ಎರಡು ತಿಂಗಳಲ್ಲಿ ತೂಕ ಅರ್ಧ ಕಿಲೊ ಕೂಡ ಇಳಿಯಲಿಲ್ಲ.

ಮೂರನೆಯದು ಸಲಾಡ್. ಏನೇ ಆಗಲಿ, ಎಲ್ಲಿಗೇ ಹೋಗಲಿ, ಸಲಾಡ್ ಮಾತ್ರ ಹೇಳುವುದು. ಇದು ಮೂಗಿಗಿಂತ ಮೂಗುತಿ ಭಾರ ಅನ್ನೋ ಕಥೆ. ಎಲೆ, ಸೌತೆಕಾಯಿ, ಟೊಮೆಟೊ ಎಲ್ಲ ಸೇರಿ ನೂರು ಕ್ಯಾಲೊರಿ ಆಗುವುದೇ ಕಷ್ಟ. ಅದರ ಮೇಲೆ ಸುರಿಯುವ ಡ್ರೆಸಿಂಗ್ ಇದೆಯಲ್ಲ, ಎಣ್ಣೆಯದೋ ಮೇಯನೀಸಿನದೋ, ಜೊತೆಗೆ ಚೀಸ್, ಕರಿದ ಬ್ರೆಡ್ ಚೂರು, ಅವೇ ಪೂರ್ತಿ ಊಟದಷ್ಟು ತೂಗುತ್ತವೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಜೊತೆಗಾರರು 2004ರಲ್ಲಿ ಇದನ್ನೇ ನೋಡಿದರು. ಊಟಕ್ಕೆ ಮುಂಚೆ ಹಗುರವಾದ ದೊಡ್ಡ ಸಲಾಡ್ ತಿಂದವರು ಒಟ್ಟು ಊಟದಲ್ಲಿ, ಸಲಾಡೇ ಇಲ್ಲದ ದಿನಕ್ಕಿಂತ 12 ಶೇಕಡಾ ಕಡಿಮೆ ಕ್ಯಾಲೊರಿ ತಿಂದರು. ಅಷ್ಟೇ ದೊಡ್ಡ ಸಲಾಡಿಗೆ ಜಿಡ್ಡಿನ ಡ್ರೆಸಿಂಗ್, ಚೀಸ್ ಹಾಕಿಕೊಟ್ಟಾಗ 17 ಶೇಕಡಾ ಜಾಸ್ತಿ ತಿಂದರು. ಸಲಾಡ್ ತಿಂದೂ ಜಾಸ್ತಿ!

ಡ್ರೆಸಿಂಗ್ ಬೇರೆ ಬಟ್ಟಲಲ್ಲಿ ಕೊಡಿ ಅಂತ ಕೇಳಿ, ಫೋರ್ಕಿನ ತುದಿ ಅದರಲ್ಲಿ ಅದ್ದಿ ಆಮೇಲೆ ಎಲೆ ಚುಚ್ಚಿ ತಿನ್ನುವುದನ್ನು ಕಲಿತೆ. ಅದು ಒಳ್ಳೆಯ ಅಭ್ಯಾಸ, ಈಗಲೂ ಬಿಟ್ಟಿಲ್ಲ. ಆದರೆ ಬರೀ ಸಲಾಡಿನ ಊಟ ನನಗೆ ಒಗ್ಗಲಿಲ್ಲ. ಎಲ್ಲರೂ ಬಿಸಿಬಿಸಿಯಾಗಿ ತಿನ್ನುವಾಗ ನಾನು ತಣ್ಣನೆಯ ಎಲೆ ಅಗಿಯುತ್ತಾ ಅವರ ತಟ್ಟೆ ನೋಡುತ್ತಿದ್ದೆ. ಮನೆಗೆ ಬಂದು ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ದೀಪ ಹಾಕಿ, ನಿಂತುಕೊಂಡೇ ಬ್ರೆಡ್ಡಿಗೆ ಜಾಮ್ ಹಚ್ಚಿ ತಿನ್ನುತ್ತಿದ್ದೆ. ಹೊರಗೆ ದುಡ್ಡು ಕೊಟ್ಟು ಬೇಡದ್ದನ್ನು ತಿಂದು, ಮನೆಯಲ್ಲಿ ಕದ್ದು ಇನ್ನೊಂದು ಊಟ.

ಈಗ ಡಬ್ಬಿ. ವಿಧಾನ ಒಂದೇ ಸಾಲಿನದು. ಬೇಕಾದ್ದನ್ನೇ ಹೇಳಿ, ತಟ್ಟೆ ಬಂದ ಕೂಡಲೇ, ಒಂದು ತುತ್ತೂ ಬಾಯಿಗಿಡುವ ಮೊದಲು, ಅರ್ಧವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ ಬ್ಯಾಗಿಗೆ ಇಡುವುದು.

ಇದರಲ್ಲಿ "ಮೊದಲು" ಅನ್ನೋದೇ ಮುಖ್ಯ. ನಾನೂ ಶುರುವಿನಲ್ಲಿ "ಉಳಿದಿದ್ದನ್ನು ಕೊನೆಗೆ ಕಟ್ಟಿಸಿಕೊಂಡರಾಯ್ತು" ಅಂದುಕೊಂಡಿದ್ದೆ. ತಟ್ಟೆಯ ಮಧ್ಯೆ ಚಮಚದಲ್ಲಿ ಗೆರೆ ಎಳೆದು, ಈಚೆ ಕಡೆಯದು ನನ್ನದು, ಆಚೆ ಕಡೆಯದು ನಾಳೆಗೆ ಅಂತ ಅಂದುಕೊಂಡು ಕೂತೆ. ಮಾತು ಜೋರಾಯಿತು, ಯಾರೋ ಜೋಕ್ ಹೇಳಿದರು, ಕೆಳಗೆ ನೋಡಿದರೆ ಗೆರೆಯೂ ಇಲ್ಲ, ಆಚೆ ಕಡೆಯೂ ಇಲ್ಲ. ಮೂರು ಚಮಚ ಉಳಿದಿತ್ತು. ಮೂರು ಚಮಚಕ್ಕೆ ಪಾರ್ಸಲ್ ಕೇಳೋಕೆ ನಾಚಿಕೆಯಾಗಿ ಅದನ್ನೂ ತಿಂದೆ. ಎದುರಿಗೆ ಇದ್ದಷ್ಟನ್ನೂ ಕೈ ಮುಗಿಸುತ್ತದೆ, ಇದು ನನ್ನೊಬ್ಬನ ಚಟವೇನಲ್ಲ. ಅದೇ ರೋಲ್ಸ್ ತಂಡ 2002ರಲ್ಲಿ ಒಂದೇ ತಿನಿಸನ್ನು ಒಂದು ದಿನ 500 ಗ್ರಾಂ, ಇನ್ನೊಂದು ದಿನ 1000 ಗ್ರಾಂ ಬಡಿಸಿ ನೋಡಿತು. ದೊಡ್ಡ ತಟ್ಟೆ ಸಿಕ್ಕ ದಿನ ಜನ 30 ಶೇಕಡಾ ಜಾಸ್ತಿ ತಿಂದಿದ್ದರು. ಡಬ್ಬಿ ಮಾಡುವುದು ಅಷ್ಟೇ, ದೊಡ್ಡ ತಟ್ಟೆಯನ್ನು ಚಿಕ್ಕದು ಮಾಡಿಕೊಡುತ್ತದೆ. 280 ಇರಲಿ, 740 ಇರಲಿ, ಅರ್ಧ ಅಂದರೆ ಅರ್ಧ. ಅಡುಗೆಯವರ ಎಣ್ಣೆ ಚಮಚಕ್ಕೂ ಅರ್ಧವೇ ಲೆಕ್ಕ.

ಮೊದಲ ಸಲ ಮುಜುಗರ ಆಗೇ ಆಗುತ್ತದೆ. ನಾನು ಡಬ್ಬಿ ಮುಚ್ಚುತ್ತಿದ್ದರೆ ಬಡಿಸುವ ಹುಡುಗ ಓಡಿ ಬಂದು "ಯಾಕೆ ಸರ್, ಊಟ ಸರಿ ಇಲ್ವಾ?" ಅಂದ. "ಚೆನ್ನಾಗಿದೆ ಅಂತಲೇ ನಾಳೆಗೂ ಇಟ್ಕೊಳ್ತಾ ಇದೀನಪ್ಪಾ" ಅಂದೆ. ನಕ್ಕು ಹೋದ. ಮೂರನೇ ಸಲಕ್ಕೆ ಯಾರೂ ಕೇಳಲಿಲ್ಲ, ಐದನೇ ಸಲಕ್ಕೆ ನನ್ನ ಜೊತೆಯವರೊಬ್ಬರು "ಇನ್ನೊಂದು ಡಬ್ಬಿ ಇದೆಯಾ?" ಅಂದರು.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಅಗ್ಗದ ಡಬ್ಬಿ ತಂದು ಒಂದು ಸಲ ಬ್ಯಾಗಿನಲ್ಲಿದ್ದ ಕಾಗದಕ್ಕೆಲ್ಲ ಸಾಸ್ ಆಗಿದೆ. ಮುಚ್ಚಳದ ಒಳಗೆ ರಬ್ಬರ್ ಸುತ್ತು ಇರುವುದನ್ನೇ ತೆಗೆದುಕೊಳ್ಳಿ. ಬೇಯಿಸಿದ ಊಟವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಬೇಕು, ಹಾಗಾಗಿ ಊಟ ಮುಗಿಸಿ ಸಿನಿಮಾಕ್ಕೆ ಹೋಗುವ ದಿನ ಡಬ್ಬಿ ಬೇಡ. ಆ ದಿನ ಇಬ್ಬರಿಗೆ ಒಂದು ತಟ್ಟೆ ಹೇಳುತ್ತೇನೆ. ಮರುದಿನ ತಿನ್ನುವಾಗ ಪೂರ್ತಿ ಹಬೆಯಾಡುವಷ್ಟು ಬಿಸಿ ಮಾಡಿ. ಬಫೆಯಲ್ಲಿ ಡಬ್ಬಿಯ ಆಟ ನಡೆಯುವುದಿಲ್ಲ, ತುಂಬಿಕೊಂಡು ಹೋಗೋಕೆ ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಅಲ್ಲಿ ತಟ್ಟೆ ಹಿಡಿಯದೆ ಒಂದು ಸುತ್ತು ಹಾಕಿ, ಏನೇನಿದೆ ನೋಡಿ, ಆಮೇಲೆ ಚಿಕ್ಕ ತಟ್ಟೆ ತೆಗೆದುಕೊಳ್ಳುತ್ತೇನೆ. ಎಷ್ಟೋ ಸಲ ಅದೂ ಸೋಲುತ್ತದೆ.

ಸೂಪ್: ಊಟಕ್ಕೆ ಮುಂಚೆ ತೆಳು ಸೂಪ್ ಒಳ್ಳೆಯದು, ಕೆನೆ ಹಾಕಿದ್ದು ಬೇಡ.

ಕುಡಿಯೋಕೆ ನೀರು. ಮದ್ಯದಲ್ಲಿ ಗ್ರಾಂಗೆ 7 ಕ್ಯಾಲೊರಿ, ಮಿಕ್ಕಿದ್ದು ನಿಮ್ಮಿಷ್ಟ.

ಹೊರಗೆ ತಿಂದ ಮರುದಿನ ಬೆಳಿಗ್ಗೆ ದಯವಿಟ್ಟು ತೂಕದ ಮೆಷಿನ್ ಹತ್ತಬೇಡಿ. ನಾನು ಒಂದು ರಾತ್ರಿಯಲ್ಲಿ 1.3 ಕಿಲೊ ಏರಿದ್ದು ನೋಡಿ ಎದೆ ಒಡೆದುಕೊಂಡಿದ್ದೆ. ಒಂದು ಕಿಲೊ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ, ಒಂದು ಊಟದಲ್ಲಿ ಅಷ್ಟು ತಿನ್ನೋಕೆ ನನ್ನಿಂದಲೂ ಆಗದು. ಉಪ್ಪು ಜಾಸ್ತಿ ತಿಂದಾಗ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ, ಎರಡು ಮೂರು ದಿನಕ್ಕೆ ಅದು ಇಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು? ಮನೆಯಲ್ಲೇ ಹೆಚ್ಚು ಅಡುಗೆ ಮಾಡುವವರು, ಲೆಕ್ಕ ಬರೆಯೋದರಲ್ಲಿ ಖುಷಿ ಕಾಣುವವರು ಆ್ಯಪ್ ಇಟ್ಟುಕೊಳ್ಳಿ, ಆದರೆ ಉಚಿತವಾಗಿ ಸಿಗುವಷ್ಟರಲ್ಲೇ ಇರಿ. ಎಲೆ ತರಕಾರಿ ನಿಜವಾಗಿಯೂ ಇಷ್ಟ ಇರುವವರಿಗೆ ಸಲಾಡ್. ನನ್ನ ಹಾಗೆ ಮಾತಾಡುತ್ತಾ ತಿನ್ನುವವರಿಗೆ, ತಟ್ಟೆ ಖಾಲಿ ಮಾಡದೆ ಏಳಬಾರದು ಅಂತ ಬೆಳೆದವರಿಗೆ ಡಬ್ಬಿ. ದುಡ್ಡಿನ ಲೆಕ್ಕದಲ್ಲೂ ಡಬ್ಬಿಯೇ ಗೆಲ್ಲುತ್ತದೆ, ಒಂದು ಊಟದ ಬೆಲೆಗೆ ಎರಡು ಊಟ, ಮರುದಿನದ ಮಧ್ಯಾಹ್ನದ ಚಿಂತೆ ಇಲ್ಲ. ನಾಲ್ಕು ತಿಂಗಳಲ್ಲಿ ವಾಪಸ್ ಬಂದಿದ್ದ ನಾಲ್ಕು ಕಿಲೊದಲ್ಲಿ ಮೂರು ಹೋಗಿದೆ. ಒಂದು ಸಲವೂ ಐಸ್‌ಕ್ರೀಮ್ ಬಿಟ್ಟಿಲ್ಲ, ಮೇಜಿಗೆ ಒಂದು ತರಿಸಿ ಎಲ್ಲರೂ ಚಮಚ ಹಾಕುತ್ತೇವೆ.

ಆ್ಯಪ್ಪಿನ ಚಂದಾ ಮುಗಿಯೋಕೆ ಇನ್ನೂ ಎರಡು ತಿಂಗಳಿದೆ. ತಾನಾಗಿ ಮತ್ತೆ ದುಡ್ಡು ಕಡಿದುಕೊಳ್ಳುವ ಆಯ್ಕೆಯನ್ನು ಆಫ್ ಮಾಡಿದ್ದೇನೆ. ನಿನ್ನೆ ರಾತ್ರಿ ಡಬ್ಬಿ ತೊಳೆದಿಟ್ಟ ಮೇಲೆ ಇನ್ನೊಂದು ಸಲ ತೆಗೆದು ನೋಡಿದೆ, ಆಫ್ ಆಗೇ ಇದೆ.