ಫೋಟೋ ಎಡಿಟ್ ಎಲ್ಲಿರ್ಬೇಕು: ಕ್ಯಾಟಲಾಗಲ್ಲಾ, ಫೈಲ್ ಒಳಗಾ, ಪಕ್ಕದಲ್ಲಾ?

ರಾ ಫೋಟೋನ, ಅಂದ್ರೆ ಕ್ಯಾಮೆರಾ ಸೆನ್ಸರ್ ಹಿಡಿದಿದ್ದನ್ನ ಹಾಗೇ ಇಟ್ಟಿರೋ ಫೈಲನ್ನ, ಎಷ್ಟೇ ಎಡಿಟ್ ಮಾಡಿದ್ರೂ ಪಿಕ್ಸೆಲ್ ಬದಲಾಗಲ್ಲ, ಎಕ್ಸ್‌ಪೋಷರ್ ಇಷ್ಟು ಏರ್ಸು, ಇಲ್ಲಿಂದ ಕ್ರಾಪ್ ಮಾಡು ಅನ್ನೋ ಸೂಚನೆ ಮಾತ್ರ ಉಳಿಯತ್ತೆ. ಅದನ್ನ ಎಲ್ಲಿಡೋದು? ಮಂಡಗದ್ದೇಲಿ ತೆಗ್ದ ಬೆಳ್ಳಕ್ಕಿ ಫೋಟೋಗಳ ಮೇಲೆ ಮೂರೂ ದಾರಿ ನೋಡಿದೀನಿ.

ಅಡೋಬಿಯ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್ ತಾನಾಗಿ ಎಲ್ಲಾನೂ ಕ್ಯಾಟಲಾಗ್‌ಗೆ ಹಾಕತ್ತೆ, ಅದೊಂದು ಎಸ್‌ಕ್ಯೂಲೈಟ್ ಅನ್ನೋ ಥರದ ಡೇಟಾಬೇಸ್. ಹುಡುಕಕ್ಕೆ ಫಾಸ್ಟು, ವರ್ಚುಯಲ್ ಕಾಪಿಗಳು, ಅಂದ್ರೆ ಫೈಲ್ ನಕಲು ಮಾಡ್ದೆ ಒಂದೇ ಫೋಟೋಗೆ ಇಟ್ಕೊಳ್ಳೋ ಬೇರೆ ಬೇರೆ ಎಡಿಟ್‌ಗಳು, ಅವಂತೂ ಅಲ್ಲಿ ಮಾತ್ರ ಉಳಿಯತ್ವೆ. ಆದ್ರೆ ಫೋಲ್ಡರ್ ಕಾಪಿ ಮಾಡಿ ತೀರ್ಥಹಳ್ಳಿ ಸ್ನೇಹಿತನಿಗೆ ಕೊಟ್ರೆ ಎಡಿಟ್ ಜೊತೆಗೆ ಹೋಗಲ್ಲ. ನಂಗೆ ಇದೊಂದೇ ಸಾಲಲ್ಲ.

ರಾ ಫೈಲನ್ನ ಡಿಎನ್‌ಜಿ ಅನ್ನೋ ಅಡೋಬಿಯ ರಾ ಫಾರ್ಮ್ಯಾಟ್‌ಗೆ ಬದಲಾಯ್ಸಿದ್ರೆ ಎಡಿಟ್ ಫೈಲ್ ಒಳಗೇ ಕೂರತ್ತೆ. ಅಡೋಬಿಯವ್ರು 2001ರಲ್ಲಿ ಎಕ್ಸ್‌ಎಂಪಿ, ಅಂದ್ರೆ ಫೋಟೋ ಬಗ್ಗೆಗಿನ ಮಾಹಿತಿ, ಎಡಿಟ್ ಸೂಚನೆ ಬರೆದಿಡೋ ಕ್ರಮ, ತಂದ್ರು, 2004ರಲ್ಲಿ ಡಿಎನ್‌ಜಿ. ಒಂದೇ ಫೈಲು, ಕಳ್ದುಹೋಗೋ ಮಾತಿಲ್ಲ, ಅದು ನಿಜವಾಗ್ಲೂ ಚೆಂದ. ಆದ್ರೆ ಒಂದು ಸ್ಟಾರ್ ರೇಟಿಂಗ್ ಬದಲಾಯ್ಸಿದ್ರೂ ಫೈಲೇ ಬದಲಾಯ್ತು ಅಂತ ಬ್ಯಾಕಪ್ ಸಾಫ್ಟ್‌ವೇರ್ ಸಾಮಾನ್ಯವಾಗಿ 25 ಎಂಬಿ ಫೈಲ್ ಪೂರ್ತಿ ಮತ್ತೆ ಅಪ್‌ಲೋಡಿಗೆ ಹಾಕತ್ತೆ, ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಹೆಂಗಿರತ್ತೆ ಅಂತ ಗೊತ್ತಲ್ಲ, ಜೊತೆಗೆ ಫೈಲ್ ಬರೀತಿರೋ ಹೊತ್ತಿಗೇ ಕರೆಂಟ್ ಹೋದ್ರೆ ಅಪಾಯ ಇರೋದು ಒರಿಜಿನಲ್‌ಗೇ. ಚೆಕ್‌ಸಮ್, ಅಂದ್ರೆ ಫೈಲ್ ಚೂರು ಬದಲಾದ್ರೂ ತಾನೂ ಬದಲಾಗೋ ಗುರುತಿನ ಸಂಖ್ಯೆ, ಇಟ್ಕೊಂಡು ಒರಿಜಿನಲ್ ಸರಿಯಿದ್ಯಾ ಅಂತ ನೋಡೋರಿಗೆ ಇದು ಆಗೋದೇ ಇಲ್ಲ.

ಪಕ್ಕದ ಎಕ್ಸ್‌ಎಂಪಿ ಫೈಲು, ಅಂದ್ರೆ ಸೈಡ್‌ಕಾರು, ನನ್ನ ಆಯ್ಕೆ. ಸಾಮಾನ್ಯವಾಗಿ ಕೆಲವೇ ಕೆಬಿ, ಅಷ್ಟೇ ಅಪ್‌ಲೋಡು. ನೋಟ್‌ಪ್ಯಾಡಲ್ಲಿ ತೆಗೆದ್ರೆ ಓದ್ಬೋದು: ಬೆಳ್ಳಕ್ಕಿ ರೆಕ್ಕೆ ಬಿಳುಪು ಸುಟ್ಟ ಹಾಗೆ ಕಾಣ್ತಿತ್ತು ಅಂತ ಇಳಿಸಿದ್ದು, ಅಲ್ಲಿ ‘ಹೈಲೈಟ್ಸ್2012’ ಅನ್ನೋ ಹೆಸರಿನ ಮುಂದೆ ಮೈನಸ್ 60 ಅಂತ ಕೂತಿರತ್ತೆ. ಆ 2012 ಅಡೋಬಿಯ ಪ್ರೋಸೆಸ್ ವರ್ಷನ್ನು, ಅಂದ್ರೆ ಎಡಿಟ್ ಲೆಕ್ಕ ಹಾಕೋ ವಿಧಾನದ ಆವೃತ್ತಿ, ಫೋಟೋ ತೆಗ್ದ ವರ್ಷ ಅಲ್ಲ.

ಎಲ್ಲಾ ಸಾಫ್ಟ್‌ವೇರಿಗೂ ಒಂದೇ ಸೈಡ್‌ಕಾರ್ ನಡೆಯತ್ತೆ ಅನ್ಕೋಬೇಡಿ. ರಾಥೆರಪಿ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ತನ್ನದೇ ಪಿಪಿ3 ಫೈಲ್ ಬರೆಯತ್ತೆ. ಇನ್ನೊಂದು ಸಾಫ್ಟ್‌ವೇರ್ ಡಾರ್ಕ್‌ಟೇಬಲ್ ಸೈಡ್‌ಕಾರ್ ಹೆಸರಲ್ಲಿ ಎನ್‌ಇಎಫ್ (ನಿಕಾನ್ ರಾ ಫೈಲ್ ಹೆಸರಿನ ಕೊನೆಯ ಭಾಗ) ಉಳ್ಸಿ ಮುಂದೆ ಎಕ್ಸ್‌ಎಂಪಿ ಸೇರ್ಸತ್ತೆ, ಅಡೋಬಿ ಎನ್‌ಇಎಫ್ ತೆಗೆದುಬಿಡತ್ತೆ. ರೇಟಿಂಗು, ಕೀವರ್ಡು ಅಲ್ಲಿಂದಿಲ್ಲಿಗೆ ದಾಟತ್ವೆ, ಸ್ಲೈಡರ್‌ಗಳು ಅಷ್ಟಾಗಿ ದಾಟಲ್ಲ. ಫೈಲ್ ಮ್ಯಾನೇಜರಲ್ಲಿ ಸರಿಸುವಾಗ ಫೋಟೋ, ಸೈಡ್‌ಕಾರ್ ಎರಡನ್ನೂ ಒಟ್ಟಿಗೇ ಸರಿಸ್ಬೇಕು.

ಜೆಪಿಜಿ ಕತೆ ಬೇರೆ, ಲೈಟ್‌ರೂಮ್ ಅದರ ಒಳಗೇ ಬರೆಯತ್ತೆ. ಹಾಗಾಗಿ ರಾ ಫೈಲಿಗೆ ಸೈಡ್‌ಕಾರ್ ಬರ್ಲಿ ಅಂತ ಕ್ಯಾಟಲಾಗ್ ಸೆಟ್ಟಿಂಗ್ಸಲ್ಲಿ ಎಕ್ಸ್‌ಎಂಪಿಗೆ ತಾನಾಗಿ ಬರೆಯೋ ಆಪ್ಷನ್ ಆನ್ ಮಾಡಿ, ಜೆಪಿಜಿ ಒಳಗೆ ಡೆವಲಪ್ ಸೆಟ್ಟಿಂಗ್, ಅಂದ್ರೆ ಎಡಿಟ್ ಸೂಚನೆ, ಸೇರಿಸೋದನ್ನ ಆಫ್ ಮಾಡಿ ಇಟ್ಟಿದೀನಿ.