ಸೀಳಂಗುಳದ ಮಗುವಿಗೆ ಒಳಲೆಯೋ, ವಾಲ್ವ್ ಬಾಟಲಿಯೋ? ಬೆಂಗಳೂರಿನಲ್ಲಿ ಸಿಗುವ ಸಾಮಾನುಗಳ ವಿಮರ್ಶೆ

ತುಟಿ, ಒಸಡು, ಅಂಗುಳ ಮೂರೂ ಸೀಳಿರುವ ಹೆಣ್ಣುಮಗು ಹುಟ್ಟಿದಾಗ ಮನೆಯವರೆಲ್ಲರ ಮೊದಲ ಪ್ರಶ್ನೆ ಆಪರೇಷನ್ ಯಾವಾಗ ಅನ್ನುವುದು. ಆ ತಾರೀಖು ಬಹುಪಾಲು ತೂಕದ ಮೇಲೆ ನಿಂತಿದೆ, ತೂಕ ಹಾಲಿನ ಮೇಲೆ. ತುಟಿಯ ಆಪರೇಷನ್‌ಗೆ ಸರ್ಜನ್‌ಗಳು ನೋಡುವ ಹಳೆಯ ಲೆಕ್ಕವೊಂದಿದೆ: 10 ವಾರ ವಯಸ್ಸು, 10 ಪೌಂಡ್ ಅಂದರೆ ಸುಮಾರು ನಾಲ್ಕೂವರೆ ಕೆಜಿ ತೂಕ, ಹಿಮೋಗ್ಲೋಬಿನ್ 10 ಗ್ರಾಂ. ಈಗ ಸಾಮಾನ್ಯವಾಗಿ 3ರಿಂದ 6 ತಿಂಗಳ ನಡುವೆ ಮಾಡುತ್ತಾರೆ. ಮಗು ಸೊರಗಿದ್ದರೆ ದಿನ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಮೊದಲ ವಾರದಲ್ಲೇ ಹಾಲು ಕುಡಿಸುವ ಸಾಧನವನ್ನು ಸರಿಯಾಗಿ ಆರಿಸಿಕೊಳ್ಳಬೇಕು. ಈ ವಿಮರ್ಶೆ ಮುಖ್ಯವಾಗಿ ಅದರ ಬಗ್ಗೆ. ಆಪರೇಷನ್ ನಂತರ ಬೇಕಾಗುವ ಒಂದೆರಡು ಸಾಮಾನಿನ ಬಗ್ಗೆಯೂ ಇದೆ.

ಸೀಳಂಗುಳದ ಮಗುವಿಗೆ ನುಂಗಲು ಬರುತ್ತದೆ, ಚೀಪಲು ಬರುವುದಿಲ್ಲ. ಬಾಯಿಗೂ ಮೂಗಿಗೂ ನಡುವಿನ ತಡೆ ಇಲ್ಲದ್ದರಿಂದ ಹಾಲನ್ನು ಎಳೆದುಕೊಳ್ಳುವ ಒತ್ತಡ ಬಾಯಲ್ಲಿ ಹುಟ್ಟುವುದಿಲ್ಲ. ಮಗು ಎದೆಗೆ ಬಾಯಿ ಹಾಕುತ್ತದೆ, ದವಡೆ ಆಡಿಸುತ್ತದೆ, ನೋಡಿದವರು ಚೆನ್ನಾಗಿ ಕುಡಿಯುತ್ತಿದೆ ಅಂದುಕೊಳ್ಳುತ್ತಾರೆ. ಅರ್ಧ ಗಂಟೆಯಾದರೂ ಹೊಟ್ಟೆಗೆ ಸೇರಿದ್ದು ಅಷ್ಟಕ್ಕಷ್ಟೇ. ದಣಿದು ನಿದ್ದೆ ಹೋಗುತ್ತದೆ. ತುಟಿ ಮಾತ್ರ ಸೀಳಿದ್ದರೆ ಈ ತೊಂದರೆ ಕಡಿಮೆ, ಹೆಚ್ಚಿನ ಮಕ್ಕಳು ತಾಯಿಯ ಎದೆಯಲ್ಲೇ ಕುಡಿಯುತ್ತಾರೆ, ಏನೂ ಕೊಳ್ಳಬೇಕಿಲ್ಲ. ಅಂಗುಳ ಸೀಳಿದ್ದರೆ ಎದೆಹಾಲನ್ನು ಪಂಪಿನಲ್ಲಿ ಅಥವಾ ಕೈಯಲ್ಲಿ ಹಿಂಡಿ ಬೇರೆ ದಾರಿಯಲ್ಲಿ ಕೊಡಬೇಕು.

ಮೊದಲು ಒಳಲೆ, ಅಂದರೆ ಮಗುವಿಗೆ ಹಾಲು ಹಾಕುವ ಕೊಕ್ಕಿನ ಪುಟ್ಟ ಪಾತ್ರೆ. ಚಿಕ್ಕಪೇಟೆಯ ಪಾತ್ರೆ ಅಂಗಡಿಗಳಲ್ಲಿ, ಮಲ್ಲೇಶ್ವರದಲ್ಲಿ, ಗಾಂಧಿಬಜಾರಿನಲ್ಲಿ ಸ್ಟೀಲಿನದು ಸುಲಭವಾಗಿ ಸಿಗುತ್ತದೆ. ಆಸ್ಪತ್ರೆಯ ಔಷಧ ಅಂಗಡಿಯಲ್ಲಿ 'ಪಾಲಾಡ' ಎಂದು ಕೇಳಿ. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದೂ ಇದೇ, ಎಲ್ಲಕ್ಕಿಂತ ಹೆಚ್ಚು ಕಾಲ ಉಪಯೋಗಕ್ಕೆ ಬರುವುದೂ ಇದೇ. ಕೊಳ್ಳುವಾಗ ಕೊಕ್ಕಿನ ತುದಿಯನ್ನು ಪರೀಕ್ಷಿಸಿ: ಹತ್ತಿಯ ಚೂರೊಂದನ್ನು ಕೊಕ್ಕಿನ ಅಂಚಿನ ಮೇಲೂ ಒಳಗೂ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಲೋಹದ ಮುಳ್ಳಿದೆ ಎಂದೇ ಅರ್ಥ, ಬೇರೆಯದು ಕೇಳಿ. ಬೆಸುಗೆಯ ಗೆರೆ ಇಲ್ಲದ, ಕೊಕ್ಕು ಅಗಲವಾಗಿ ತೆರೆದಿರುವ ಒಳಲೆ ತೊಳೆಯಲು ಸುಲಭ. ನಾಮಕರಣಕ್ಕೆ ಸೋದರಮಾವ ಕೊಡುವ ಬೆಳ್ಳಿ ಒಳಲೆಯನ್ನು ಪ್ರೀತಿಯಿಂದ ಎತ್ತಿಡಿ. ಕೆತ್ತನೆಯ ಸಂದಿನಲ್ಲಿ ಹಾಲಿನ ಜಿಡ್ಡು ಕೂರುತ್ತದೆ, ದಿನಕ್ಕೆ ಎಂಟು ಸಲ ಬಳಸಲು ಅದು ತಕ್ಕದ್ದಲ್ಲ.

ಒಳಲೆಯಲ್ಲಿ ಎಡವಟ್ಟಾಗುವುದು ಸಾಮಾನಿನಿಂದಲ್ಲ, ಹಾಕುವ ರೀತಿಯಿಂದ. ಕಾಲು ಚಾಚಿ ಕೂತು, ಮಗುವನ್ನು ಅಂಗಾತ ಮಲಗಿಸಿಕೊಂಡು, ಮೂಗು ಹಿಡಿದು ಗಂಟಲಿಗೆ ಸುರಿಯುವ ಹಳೆಯ ಪದ್ಧತಿ ಯಾವ ಮಗುವಿಗೂ ಒಳ್ಳೆಯದಲ್ಲ. ಸೀಳಂಗುಳದ ಮಗುವಿಗಂತೂ ಹಾಲು ನೆತ್ತಿಗೇರಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅಜ್ಜಿಗೆ ಇದನ್ನು ಗೌರವದಿಂದ, ಆದರೆ ಸ್ಪಷ್ಟವಾಗಿ ಹೇಳಿ. ಮಗುವನ್ನು ತೊಡೆಯ ಮೇಲೆ ಸುಮಾರು 60 ಡಿಗ್ರಿಯಷ್ಟು ಎತ್ತಿ ಕೂರಿಸಿ, ಕತ್ತು ಹಿಂದಕ್ಕೆ ಬೀಳದಂತೆ ಅಂಗೈಯಲ್ಲಿ ತಲೆಯನ್ನು ಆತುಕೊಳ್ಳಿ. ಕೊಕ್ಕಿನ ತುದಿ ಕೆಳತುಟಿಯ ಮೇಲೆ, ಸೀಳಿಲ್ಲದ ಕಡೆಯ ಕೆನ್ನೆಯತ್ತ ಇರಲಿ. ಹಾಲು ತುಟಿಗೆ ತಾಗುವಷ್ಟು ಮಾತ್ರ ಒಳಲೆಯನ್ನು ಬಾಗಿಸಿ. ಮಗು ನಾಲಿಗೆ ಚಾಚಿ ತಾನೇ ತೆಗೆದುಕೊಳ್ಳುತ್ತದೆ. ಒಂದು ಗುಟುಕು ನುಂಗಿದ್ದು ಕಂಡ ಮೇಲೆ ಮುಂದಿನದು. ಮೂಗಿನಿಂದ ಹಾಲು ಬಂದರೆ ಗಾಬರಿ ಬೇಡ, ದಾರಿ ತೆರೆದಿರುವುದರಿಂದ ಬರುತ್ತದೆ. ನಿಲ್ಲಿಸಿ, ಒರೆಸಿ, ಇನ್ನಷ್ಟು ನೆಟ್ಟಗೆ ಕೂರಿಸಿ, ನಿಧಾನ ಮಾಡಿ. ಕೆಮ್ಮು, ಮುಖ ನೀಲಿಗಟ್ಟುವುದು, ಪ್ರತಿ ಸಲ ಉಸಿರಿನಲ್ಲಿ ಗುರುಗುರು ಸದ್ದು ಇದ್ದರೆ ಅದು ಬೇರೆ ವಿಷಯ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕೆಳದವಡೆ ತೀರ ಚಿಕ್ಕದಾಗಿ ನಾಲಿಗೆ ಹಿಂದಕ್ಕೆ ಬೀಳುವ, ಪಿಯರ್ ರಾಬಿನ್ ಎಂಬ ಹುಟ್ಟುತೊಂದರೆಯ ಮಕ್ಕಳಿಗೆ ಆಸ್ಪತ್ರೆಯವರು ತೋರಿಸಿಕೊಡದೆ ಮನೆಯಲ್ಲಿ ಯಾವುದನ್ನೂ ಪ್ರಯತ್ನಿಸಬೇಡಿ.

ಪ್ರಮಾಣದ ಲೆಕ್ಕ ಹೀಗೆ. ಕೆಜಿಗೆ ದಿನಕ್ಕೆ ಸುಮಾರು 150 ಮಿಲಿ ಹಾಲು ಬೇಕು. ನಾಲ್ಕು ಕೆಜಿ ಮಗುವಿಗೆ 600 ಮಿಲಿ, ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ 75 ಮಿಲಿ. 10 ಮಿಲಿ ಹಿಡಿಯುವ ಒಳಲೆಯಲ್ಲಿ ಅದು ಏಳೆಂಟು ಸಲ ತುಂಬಿಸಿದಷ್ಟು. ಒಳಲೆಯ ದೊಡ್ಡ ಕೊರತೆ ಇಲ್ಲೇ ಇರುವುದು: ಗಲ್ಲದಿಂದ ಇಳಿದು ಬಟ್ಟೆಗೆ ಹೋಗುವ ಹಾಲು ಲೆಕ್ಕಕ್ಕೆ ಸಿಗುವುದಿಲ್ಲ. ಕತ್ತಿಗೆ ಕಟ್ಟಿದ ಬಟ್ಟೆ ಒದ್ದೆಮುದ್ದೆಯಾದರೆ ಕುಡಿದದ್ದು 75 ಅಲ್ಲ, 60 ಇರಬಹುದು. ಒಂದು ಸಲದ ಹಾಲು 30 ನಿಮಿಷದೊಳಗೆ ಮುಗಿಯಬೇಕು. ಅದಕ್ಕಿಂತ ಹೆಚ್ಚು ಎಳೆದರೆ ಕುಡಿದ ಶಕ್ತಿ ಕುಡಿಯುವುದಕ್ಕೇ ಖರ್ಚಾಗುತ್ತದೆ. ಇಂಥ ಮಕ್ಕಳು ಗಾಳಿಯನ್ನೂ ಹೆಚ್ಚು ನುಂಗುವುದರಿಂದ ನಡುನಡುವೆ ಹೆಗಲ ಮೇಲೆ ಹಾಕಿ ತೇಗಿಸಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕ ಮರಳಿ, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ ನೀವು ಬಳಸುತ್ತಿರುವ ಸಾಧನ ಸರಿಯಾಗಿದೆ. ತಾಯಿ ಕಾರ್ಡಿನ ಗುಲಾಬಿ ಬಣ್ಣದ ನಕ್ಷೆಯಲ್ಲಿ ಪ್ರತಿ ವಾರ ಗುರುತು ಹಾಕಿಸಿ. ಏರುತ್ತಿಲ್ಲವಾದರೆ ಬಾಟಲಿಯ ಕಡೆ ನೋಡುವ ಸಮಯ.

ಬಾಟಲಿಗಳಲ್ಲಿ ಮೂರನ್ನು ಹೋಲಿಸಬಹುದು. ಪಿಜನ್ ಕಂಪನಿಯ ಸೀಳಂಗುಳದ ನಿಪ್ಪಲ್ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ದಪ್ಪ ಬದಿ ಮೇಲೆ, ಅಂಗುಳದ ಕಡೆಗೆ. ತೆಳು ಬದಿ ಕೆಳಗೆ, ನಾಲಿಗೆಯ ಮೇಲೆ. ಮಗು ನಾಲಿಗೆ ಒತ್ತಿದಾಗ ಹಾಲು ಚಿಮ್ಮುತ್ತದೆ. ನಿಪ್ಪಲಿನ ಬುಡದಲ್ಲಿರುವ ಪುಟ್ಟ ವಾಲ್ವ್ ಹಾಲು ಬಾಟಲಿಗೆ ಹಿಂತಿರುಗದಂತೆ ತಡೆಯುತ್ತದೆ. ಗಾಳಿಯಾಡುವ ಕಚ್ಚು ಮೂಗಿನ ನೇರಕ್ಕೆ ಬರಬೇಕು. ಮುಚ್ಚಳದ ಬಿಗಿಯಿಂದಲೂ ಹರಿವು ಬದಲಾಗುತ್ತದೆ: ಬಿಗಿ ಮಾಡಿದಷ್ಟೂ ನಿಧಾನ, ತೀರ ಬಿಗಿಯಾದರೆ ನಿಪ್ಪಲ್ ಒಳಕ್ಕೆ ಕುಸಿಯುತ್ತದೆ. ದವಡೆಯಲ್ಲಿ ಕಸುವಿರುವ, ಬೇರೆ ಕಾಯಿಲೆ ಇಲ್ಲದ ಮಗುವಿಗೆ ನಮ್ಮ ಮೊದಲ ಆಯ್ಕೆ ಇದು. ದುರ್ಬಲವಾಗಿ ಹುಟ್ಟಿದ ಮಗುವಿಗೆ ಹರಿವು ಒಮ್ಮೊಮ್ಮೆ ಜಾಸ್ತಿಯಾಗುತ್ತದೆ.

ಮೆಡೆಲಾ ಕಂಪನಿಯ ಸ್ಪೆಷಲ್ ನೀಡ್ಸ್ ಫೀಡರ್ ಹುಟ್ಟಿದ್ದೇ ಒಬ್ಬ ಮಗಳಿಗಾಗಿ. ಬ್ರಿಟನ್ನಿನ ಮ್ಯಾಂಡಿ ಹೇಬರ್‌ಮನ್, ಸ್ಟಿಕ್ಲರ್ ಸಿಂಡ್ರೋಮ್ ಎಂಬ ಹುಟ್ಟುತೊಂದರೆಯ ತಮ್ಮ ಮಗಳು ಹಾಲು ಚೀಪಲಾಗದೆ ಪಟ್ಟ ಪಾಡು ನೋಡಿ 1980ರ ದಶಕದಲ್ಲಿ ಇದನ್ನು ರೂಪಿಸಿದರು; ಇಂದಿಗೂ ಹಲವರು ಇದನ್ನು ಹೇಬರ್‌ಮನ್ ಬಾಟಲಿ ಎಂದೇ ಕರೆಯುತ್ತಾರೆ. ಉದ್ದನೆಯ ನಿಪ್ಪಲಿನ ಮೇಲೆ ಉದ್ದ, ಮಧ್ಯಮ, ಗಿಡ್ಡ ಎಂದು ಮೂರು ಗೆರೆಗಳಿವೆ. ಗಿಡ್ಡ ಗೆರೆ ಮಗುವಿನ ಮೂಗಿನ ನೇರಕ್ಕೆ ಬಂದರೆ ಹರಿವು ನಿಧಾನ, ಉದ್ದ ಗೆರೆ ಬಂದರೆ ಜೋರು. ಬಾಯಿಂದ ತೆಗೆಯದೆಯೇ ತಿರುಗಿಸಿ ಹೊಂದಿಸಬಹುದು. ಮಗು ಸೋತಾಗ ನಿಪ್ಪಲನ್ನು ಬೆರಳಲ್ಲಿ ಮೆಲ್ಲಗೆ ಅದುಮಿ ಸಹಾಯ ಮಾಡಬಹುದು. ಆದರೆ ಮಗು ನುಂಗುವ ಲಯಕ್ಕೆ ತಕ್ಕಂತೆ ಮಾತ್ರ. ಬಾಟಲಿಯನ್ನು ನೆಟ್ಟಗೆ ಹಿಡಿದು ನಿಪ್ಪಲನ್ನು ಹಿಸುಕಿ ಗಾಳಿ ಹೊರಹಾಕಿ, ಹಿಸುಕಿದ ಕೈ ಬಿಡದೆಯೇ ತಲೆಕೆಳಗೆ ಮಾಡಿ ಬಿಟ್ಟರೆ ಹಾಲು ತುಂಬಿಕೊಳ್ಳುತ್ತದೆ. ಈ ಹೆಜ್ಜೆ ಬಿಟ್ಟವರೇ ಹಾಲು ಬರುತ್ತಿಲ್ಲ ಎಂದು ದೂರುವುದು. ಬೆಲೆ ಸಾವಿರಗಳಲ್ಲಿ, ಬಿಡಿಭಾಗ ತರಿಸಲು ಕಾಯಬೇಕು. ಹೃದಯದ ತೊಂದರೆಯೂ ಇರುವ, ಬೇಗ ದಣಿಯುವ ಮಗುವಿಗೆ ಈ ಹಣ ಖಂಡಿತ ಸಾರ್ಥಕ.

ಡಾಕ್ಟರ್ ಬ್ರೌನ್ಸ್ ಸ್ಪೆಷಾಲಿಟಿ ಬಾಟಲಿಯಲ್ಲಿ ವಾಲ್ವ್ ಜೊತೆ ಗಾಳಿ ಕೊಳವೆಯೂ ಇದೆ. ಅದುಮುವ ಕೆಲಸವಿಲ್ಲ, ಮಗುವೇ ಲಯ ಹಿಡಿಯುತ್ತದೆ, ಹೊಟ್ಟೆಯುಬ್ಬರ ಕಡಿಮೆ ಅನ್ನುವವರಿದ್ದಾರೆ. ತೊಳೆಯಬೇಕಾದ ಭಾಗಗಳು ಹೆಚ್ಚು. ಗುರುತಿನ ಗೆರೆ ಮೀರಿ ಹಾಲು ತುಂಬಿದರೆ ಕೊಳವೆಯಿಂದ ಸೋರುತ್ತದೆ.

ಯಾವ ಬಾಟಲಿಯಾದರೂ ಹೊಸದಾಗಿ ತಂದಾಗ ಕುದಿಸಿ ಆರಿಸಿದ ನೀರು ತುಂಬಿ ನೋಡಿ. ತಲೆಕೆಳಗೆ ಹಿಡಿದರೆ ತಾನಾಗಿ ಸುರಿಯಬಾರದು, ಅದುಮಿದರೆ ಬರಬೇಕು. ಬರದಿದ್ದರೆ ಸಾಮಾನ್ಯವಾಗಿ ವಾಲ್ವ್ ತಿರುಗಮುರುಗ ಕೂತಿರುತ್ತದೆ. ಬೆಂಗಳೂರಿನಲ್ಲಿ ಇನ್ನೊಂದು ತೊಂದರೆ ನೀರಿನದು. ಕಾವೇರಿ ಬಾರದ ಬಡಾವಣೆಗಳಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನಲ್ಲಿ ಕುದಿಸಿದರೆ ವಾಲ್ವ್ ಮೇಲೆ ಬಿಳಿ ಸುಣ್ಣದ ಪದರ ಕಟ್ಟಿ ಅದು ಸರಿಯಾಗಿ ಮುಚ್ಚುವುದಿಲ್ಲ. ಕುದಿಸಲು ಆರ್‌ಒ ಫಿಲ್ಟರ್ ನೀರನ್ನೇ ಬಳಸಿ. ಮೊದಲು ತಣ್ಣೀರಲ್ಲಿ ಹಾಲಿನಂಶ ತೊಳೆದು, ಆಮೇಲೆ ಬಿಸಿನೀರು ಸೋಪು, ನಂತರ ಹತ್ತು ನಿಮಿಷ ಕುದಿ. ನಿಪ್ಪಲಿನ ಸೀಳು ಅಂಟಿಕೊಂಡಿದ್ದರೆ ಬೆರಳ ನಡುವೆ ಉಜ್ಜಿ ಬಿಡಿಸಿ, ಸೂಜಿ ಹಾಕಬೇಡಿ. ಸಾಮಾನ್ಯ ಬಾಟಲಿಯ ನಿಪ್ಪಲಿಗೆ ಕಾದ ಸೂಜಿಯಿಂದ ತೂತು ದೊಡ್ಡದು ಮಾಡಿಕೊಡುವ ಸಲಹೆ ಈಗಲೂ ಕೇಳಿಬರುತ್ತದೆ. ಅದರಲ್ಲಿ ಹರಿವಿನ ಮೇಲೆ ಮಗುವಿಗೂ ಹಿಡಿತವಿಲ್ಲ, ನಿಮಗೂ ಇಲ್ಲ.

ಶಿಶು ಆಹಾರ ಮತ್ತು ಬಾಟಲಿಗಳ ಜಾಹೀರಾತನ್ನು 1992ರ ಕಾಯ್ದೆ ನಿಷೇಧಿಸಿದೆ. ಆರೋಗ್ಯವಂತ ಮಕ್ಕಳ ಎದೆಹಾಲು ಉಳಿಸಲು ಅದು ಬೇಕಾದ ಕಾಯ್ದೆಯೇ. ಹಾಗಾಗಿ ಇಂಥ ಬಾಟಲಿ ಅಂಗಡಿಯಲ್ಲಿ ತಾನಾಗಿ ಕಣ್ಣಿಗೆ ಬೀಳುತ್ತದೆ ಎಂದು ಕಾಯಬೇಡಿ. ಸೀಳುತುಟಿ ವಿಭಾಗದ ನರ್ಸ್ ಅಥವಾ ವಾಕ್ ಚಿಕಿತ್ಸಕರನ್ನು (ಸ್ಪೀಚ್ ಥೆರಪಿಸ್ಟ್) ಬಾಟಲಿಯ ಹೆಸರು ಹಿಡಿದೇ ಕೇಳಿ. ಕೊಳ್ಳುವ ಮೊದಲು ಅವರ ಎದುರಿಗೇ ಒಮ್ಮೆ ಕುಡಿಸಿ ನೋಡುವುದು ಉತ್ತಮ.

ಆಪರೇಷನ್ ದಿನದ ಉಪವಾಸದಲ್ಲಿ ಮನೆಯವರೆಲ್ಲ ಒಂದೇ ಮಾತಿನಲ್ಲಿರಬೇಕು. ಸಾಮಾನ್ಯ ನಿಯಮ: ತಿಳಿನೀರಿಗೆ 2 ಗಂಟೆ, ಎದೆಹಾಲಿಗೆ 4, ಪುಡಿ ಹಾಲು ಅಥವಾ ಹಸುವಿನ ಹಾಲಿಗೆ 6. ನಿಮ್ಮ ಅರಿವಳಿಕೆ ವೈದ್ಯರು ಹೇಳಿದ ಸಮಯವೇ ಅಂತಿಮ. ಅಳುತ್ತದೆ ಪಾಪ ಎಂದು ಯಾರಾದರೂ ದಾರಿಯಲ್ಲಿ ಎರಡು ಚಮಚ ಹಾಲು ಕೊಟ್ಟರೂ ಆಪರೇಷನ್ ಮುಂದಕ್ಕೆ ಹೋಗುತ್ತದೆ.

ಹೊಲಿಗೆಗೆ ಕೈ ಹಾಕದಂತೆ ತೊಡಿಸುವ ಮೊಣಕೈ ಪಟ್ಟಿ ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳ ಸುತ್ತಲಿನ ಸರ್ಜಿಕಲ್ ಅಂಗಡಿಗಳಲ್ಲಿ ಕೇಳಿ. ಕೊಳ್ಳುವ ಮೊದಲು ಸರ್ಜನ್ ಅದನ್ನು ಬಯಸುತ್ತಾರೋ ಇಲ್ಲವೋ ವಿಚಾರಿಸಿ, ಅದರಿಂದ ವಿಶೇಷ ಲಾಭ ಕಾಣದೆ ಕೈಬಿಟ್ಟವರೂ ಇದ್ದಾರೆ. ಬೇಕೆಂದರೆ ಮನೆಯಲ್ಲೇ ಹೊಲಿದದ್ದು ರೆಡಿಮೇಡಿಗಿಂತ ಹಿತ: ಎರಡು ಪದರ ಹಳೆಯ ಕಾಟನ್ ಸೀರೆ, ಸಾಲಾಗಿ ಕಿರಿದಾದ ಜೇಬು, ಪ್ರತಿ ಜೇಬಿನಲ್ಲೊಂದು ಐಸ್‌ಕ್ರೀಮ್ ಕಡ್ಡಿ, ಕೊನೆಗೆ ಕಟ್ಟಲು ಲಾಡಿ. ಕಂಕುಳ ಕೆಳಗೆ ಎರಡು ಬೆರಳು, ಮಣಿಕಟ್ಟಿನ ಮೇಲೆ ಎರಡು ಬೆರಳು ಜಾಗ ಬಿಡಿ. ಒಳಗೆ ತೆಳು ಪೂರ್ಣ ತೋಳಿನ ಅಂಗಿ ಇರಲಿ. ಎರಡು ಮೂರು ಗಂಟೆಗೊಮ್ಮೆ ಒಂದೊಂದೇ ಕೈ ಬಿಚ್ಚಿ, ಚರ್ಮ ಕೆಂಪಾಗಿದೆಯೇ ನೋಡಿ, ಹತ್ತು ನಿಮಿಷ ಆಡಲು ಬಿಡಿ. ಎರಡೂ ಕೈ ಒಟ್ಟಿಗೆ ಬಿಚ್ಚಿದರೆ ಬೆರಳು ನೇರ ಬಾಯಿಗೆ.

ಅಂಗುಳದ ಆಪರೇಷನ್ ಸಾಮಾನ್ಯವಾಗಿ 9ರಿಂದ 18 ತಿಂಗಳ ನಡುವೆ. ಒಳಲೆ ಮತ್ತೆ ಗೆಲ್ಲುವುದು ಇಲ್ಲಿ. ಹೊಲಿಗೆ ಮಾಯುವ ಎರಡು ಮೂರು ವಾರ ಹಲವು ಸರ್ಜನ್‌ಗಳು ನಿಪ್ಪಲ್, ಸ್ಟ್ರಾ, ಬಾಯೊಳಗೆ ಹೋಗುವ ಚಮಚ ಎಲ್ಲವನ್ನೂ ಬೇಡ ಅನ್ನುತ್ತಾರೆ. ಬಾಟಲಿ ಬಿಟ್ಟು ಬೇರೇನೂ ಗೊತ್ತಿಲ್ಲದ ಮಗು ಆಗ ಹಟ ಹಿಡಿದು ನೀರೂ ಕುಡಿಯುವುದಿಲ್ಲ. ಆದ್ದರಿಂದ ಆಪರೇಷನ್‌ಗೆ ತಿಂಗಳ ಮೊದಲೇ ದಿನಕ್ಕೊಂದು ಸಲವಾದರೂ ಒಳಲೆ ಅಥವಾ ಪುಟ್ಟ ಸ್ಟೀಲ್ ಲೋಟದಲ್ಲಿ ಕುಡಿಸಿ ಅಭ್ಯಾಸ ಮಾಡಿಸಿ. ಆಪರೇಷನ್ ನಂತರ ಕೊಕ್ಕು ತುಟಿ ದಾಟಬಾರದು. ಸೋಸಿದ ಗಂಜಿ, ತೆಳ್ಳಗೆ ಕಾಸಿದ ರಾಗಿ ಸರಿ, ಬೇಳೆಕಟ್ಟು, ನುಣ್ಣಗೆ ಕಡೆದ ಮೊಸರು ನಡೆಯುತ್ತದೆ. ತಿಂದ ಮೇಲೆ ಪ್ರತಿ ಸಲ ಒಂದೆರಡು ಗುಟುಕು ನೀರು ಕುಡಿಸಿ ಹೊಲಿಗೆ ಚೊಕ್ಕ ಮಾಡಿ. ನೆಂಟರು ತರುವ ಚಕ್ಕುಲಿ, ನಿಪ್ಪಟ್ಟು, ರಸ್ಕ್ ಮಗುವಿನ ಕೈಗೆ ಎಟಕದಂತೆ ಇರಲಿ.

ತುಟಿಯ ಕಲೆಗೆ ಸಿಲಿಕೋನ್ ಜೆಲ್ ಒಳ್ಳೆಯ ಖರೀದಿ, ಆದರೆ ಗಾಯ ಪೂರ್ತಿ ಮುಚ್ಚಿದ ಮೇಲೆ. ಅಕ್ಕಿಕಾಳಿನಷ್ಟು ತೆಗೆದು ತೆಳ್ಳಗೆ ಸವರಿ ಒಣಗಲು ಬಿಡಿ, ದಿನಕ್ಕೆ ಎರಡು ಸಲ, ಎರಡು ಮೂರು ತಿಂಗಳು. ದಪ್ಪ ಬಳಿದರೆ ಒಣಗುವ ಮೊದಲೇ ಮಗು ಒರೆಸಿಕೊಳ್ಳುತ್ತದೆ. ಮೊದಲ ಕೆಲವು ತಿಂಗಳು ಕಲೆ ಕೆಂಪಾಗಿ ಗಟ್ಟಿಯಾಗುವುದು ಸಹಜ. ವರ್ಷದ ಹೊತ್ತಿಗೆ ಮೆದುವಾಗುತ್ತದೆ.

ಖರ್ಚಿನ ವಿಷಯ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸ್ಮೈಲ್ ಟ್ರೈನ್ ಎಂಬ ಸೇವಾ ಸಂಸ್ಥೆಯ ನೆರವಿನ ಆಸ್ಪತ್ರೆಗಳಲ್ಲಿ ಸೀಳುತುಟಿ, ಸೀಳಂಗುಳದ ಆಪರೇಷನ್‌ಗೆ ಹಣ ಕೊಡಬೇಕಿಲ್ಲ. ಬಾಟಲಿ, ಜೆಲ್ ಕೈಯಿಂದಲೇ ಬರುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ಒಸಡಿಗೆ ಮೂಳೆ ಕೂರಿಸುವ ಆಪರೇಷನ್ ಸುಮಾರು 7ರಿಂದ 11 ವರ್ಷದ ನಡುವೆ, ಕೋರೆಹಲ್ಲು ಬರುವ ಮುಂಚೆ. ದವಡೆ, ಮೂಗಿನದು ಬೇಕಾದರೆ ಬೆಳವಣಿಗೆ ನಿಂತ ಮೇಲೆ. ಅಲ್ಲಿಯವರೆಗೂ ಹಣ ಮತ್ತು ರಜೆ ಎರಡನ್ನೂ ಹಂಚಿಕೊಂಡು ಉಳಿಸಿಕೊಳ್ಳಬೇಕು.

ಹಾಗೆ ಉಳಿಸಿದ್ದು ಮೊದಲು ವಾಕ್ ಚಿಕಿತ್ಸೆಗೆ ಹೋಗಲಿ. ಅಂಗುಳ ಹೊಲಿದ ಮೇಲೂ ಕೆಲವು ಮಕ್ಕಳಲ್ಲಿ ಗಾಳಿ ಮೂಗಿಗೆ ಸೋರುತ್ತದೆ. ಇದನ್ನು ನೋಡಲು ಮನೆಯ ಸ್ಟೀಲ್ ಚಮಚವೇ ಸಾಕು: ತಣ್ಣಗಿರುವ ಚಮಚದ ಬೆನ್ನನ್ನು ಮೂಗಿನ ಹೊಳ್ಳೆಯ ಕೆಳಗೆ ಹಿಡಿದು ಮಗುವಿನಿಂದ 'ಪಪಪ' ಅನ್ನಿಸಿ. ಉಸಿರು ಬಿಡುವಾಗ ಮಸುಕಾಗುವುದು ಸಹಜ. 'ಪಪಪ' ಅನ್ನುತ್ತಿರುವಾಗಲೇ ಮಸುಕಾದರೆ, 'ಅಪ್ಪ' ಅಂದದ್ದು 'ಅಮ್ಮ' ಅಂದಂತೆ ಕೇಳಿದರೆ, ದೊಡ್ಡವಳಾದ ಮೇಲೆ ಸರಿಹೋಗುತ್ತದೆ ಎಂದು ಕಾಯದೆ ಲಿಂಗರಾಜಪುರದ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೋ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ತೋರಿಸಿ. ಹೋಗುವಾಗ ಕಿವಿಯ ಪರೀಕ್ಷೆಯನ್ನೂ ಅದೇ ದಿನಕ್ಕೆ ಕೇಳಿಕೊಳ್ಳಿ, ಈ ಮಕ್ಕಳಲ್ಲಿ ಕಿವಿಯ ಪರದೆಯ ಹಿಂದೆ ನೀರು ತುಂಬುವುದು ತೀರ ಸಾಮಾನ್ಯ.